ಕಾಕಾನ ಓರೆ ಗೋಡೆ

ನಮ್ಮ ಕಾಕಾನ ಮನೆ ಕಲಘಟಗಿ ತಾಲೂಕಿನ ತಂಬೂರದಲ್ಲಿದೆ. ಮನೆ ನೆಟ್ಟಗಿದೆ, ಓಣಿ ಮಾತ್ರ ನೆಟ್ಟಗಿಲ್ಲ. ಯಾವ ಕಾಲದಲ್ಲೋ ಚಕ್ಕಡಿ ಹೊರಳಿದ ಕಡೆ ಓಣಿಯೂ ಹೊರಳಿತು, ಓಣಿಯ ಸಂಗಡ ಮನೆಯ ಮುಂದಿನ ಗೋಡೆಯೂ ಹೊರಳಿತು. ಮೂರು ಗೋಡೆ ಮೂಲೆಮಟ್ಟಕ್ಕೆ ಸರಿ, ನಾಲ್ಕನೆಯದು 30 ಡಿಗ್ರಿ ಓರೆ. ಮೂರು ತಲೆಮಾರು ಅದೇ ಗೋಡೆಗೆ ಬೆನ್ನು ಕೊಟ್ಟು ಎಲೆಅಡಿಕೆ ಮೆದ್ದರೂ ಅದು ಓರೆ ಅಂತ ಯಾರಿಗೂ ಅನ್ನಿಸಿರಲಿಲ್ಲ. ಅದನ್ನು ಮೊದಲು ಕಂಡುಹಿಡಿದವನು ನಾನು, ಅದೂ ಬೆಂಗಳೂರಿನಲ್ಲಿ ಕೂತು.

ಹಳೆಯ ಮಣ್ಣಿನ ಗೋಡೆ ಮಳೆಗೆ ಕರಗುತ್ತ ಬಂದಿತ್ತು. ಕಾಕಾ ಫೋನ್ ಮಾಡಿದ: "ತಮ್ಮಾ, ನೀ ದೊಡ್ಡ ದೊಡ್ಡ ಬಿಲ್ಡಿಂಗ್ ತಗೀತಿ. ನಮ್ಮದೊಂದು ಗ್ವಾಡಿ ತಗದ ಕೊಡು." ನಮ್ಮಲ್ಲಿ 'ತೆಗೆ' ಅಂದರೆ ನಕ್ಷೆ ಬರೆ ಅಂತಲೂ ಹೌದು, ಕಿತ್ತು ಹಾಕು ಅಂತಲೂ ಹೌದು. ನಾನು ಮಾಡಿದ್ದು ಇವೆರಡರ ನಡುವಿನದು.

ನಮ್ಮ ಆಫೀಸಿನಲ್ಲಿ ನಕ್ಷೆ ತೆಗೆಯಲು ಬಳಸುವ ಸಾಫ್ಟ್‌ವೇರ್ ರೆವಿಟ್. 'ರಿವೈಸ್ ಇಟ್', ಅಂದರೆ 'ತಿದ್ದು', ಎಂಬುದನ್ನೇ ಮೊಟಕು ಮಾಡಿ ಇಟ್ಟ ಹೆಸರದು. 2000ದಲ್ಲಿ ಹುಟ್ಟಿ, 2002ರಲ್ಲಿ ಆಟೋಡೆಸ್ಕ್ ಕಂಪನಿಯ ಮನೆ ಸೇರಿತು. ಅದರಲ್ಲಿ ಗೋಡೆಯನ್ನು ಗೆರೆಯಾಗಿ ಬರೆಯುವುದಿಲ್ಲ, ಗೋಡೆಯಾಗಿಯೇ ಕಟ್ಟುತ್ತೀರಿ. ಆಮೇಲೆ ಪ್ಲ್ಯಾನಿನ ಮೇಲೆ ಬಾಣವಿರುವ ಒಂದು ದುಂಡು ಗುರುತು ಇಟ್ಟರೆ, ಬಾಣದ ಮುಂದೆ ಕಂಡದ್ದೆಲ್ಲ ಎದುರು ನೋಟದ ನಕ್ಷೆಯಾಗಿ ಬರುತ್ತದೆ. ಗುರುತು ಇನ್ನೂ ಮೌಸಿನ ತುದಿಯಲ್ಲಿರುವಾಗ ಬಲು ವಿನಯದ ಪ್ರಾಣಿ. ಬೀಗರ ಮನೆಗೆ ಬಂದ ಹೊಸ ಅಳಿಯನ ಹಾಗೆ, ಯಾವ ಗೋಡೆ ಹತ್ತಿರವೋ ಅದಕ್ಕೆ ತಾನೇ ಮುಖ ಮಾಡುತ್ತದೆ. ಒಮ್ಮೆ ಊರಿದಿರೋ, ಹಳೆಯ ಅಳಿಯ. ಎಲ್ಲಿಗೆ ಎಳೆದೊಯ್ದರೂ ಮುಖ ಮೊದಲಿದ್ದ ದಿಕ್ಕಿಗೇ.

ನಾನು ಅದನ್ನು ಮನೆಯೊಳಗೆ, ಹಿತ್ತಲ ಕಡೆಯ ನೆಟ್ಟನೆಯ ಗೋಡೆಯ ಎದುರಿಗೆ ಊರಿದ್ದೆ. ಅಂದು ಶುಕ್ರವಾರ ಸಂಜೆ, ಹುಬ್ಬಳ್ಳಿ ಬಸ್ಸಿನ ಹೊತ್ತಾಗಿತ್ತು. ಅದನ್ನೇ ಸರಸರ ಮುಂದಿನ ಗೋಡೆಯ ಆಚೆ, ಓಣಿಗೆ ಎಳೆದು ತಂದೆ. ನಕ್ಷೆ ಚೆಂದ ಬಂತು. ಕಿಟಕಿ, ಬಾಗಿಲು, ಮೇಲೆ ಹಂಚು, ಎಲ್ಲ ಇದ್ದವು. ನೋಡಿದರೆ ಒಂದು ಊನವೂ ಕಾಣದು. ಅದೇ ಅದರ ದೊಡ್ಡ ಊನ.

ಅರ್ಧ ತೆರೆದ ಬಾಗಿಲನ್ನು ಎದುರಿನಿಂದ ನೋಡಿ, ಅಗಲ ಕಡಿಮೆಯಾದಂತೆ ಕಾಣುತ್ತದೆ, ಬಾಗಿಲೇನೂ ಸವೆದಿರುವುದಿಲ್ಲ. 30 ಡಿಗ್ರಿ ತಿರುಗಿದ 20 ಅಡಿ ಗೋಡೆಯೂ ಹಾಗೇ, ಕಾಗದದ ಮೇಲೆ 17 ಅಡಿ 4 ಇಂಚು. ಎತ್ತರಕ್ಕೆ ಮಾತ್ರ ಏನೂ ಆಗುವುದಿಲ್ಲ. ಹೀಗಾಗಿ 4 ಅಡಿಯ ಕಿಟಕಿ 3 ಅಡಿ ಐದೂವರೆ ಇಂಚಿಗೆ ಇಳಿದು, ಉಪವಾಸ ಬಿದ್ದವರ ಹಾಗೆ ಸಪೂರ ಕಾಣುತ್ತಿತ್ತು. ನನಗೆ ಅದು ಹೊಸ ಫ್ಯಾಶನ್ ಅನ್ನಿಸಿತು.

ಹಾಳೆಯ ಮೂಲೆಯಲ್ಲಿ, ನಕ್ಷೆಯ ಮೇಲೆ ಪಟ್ಟಿ ಇಟ್ಟು ಅಳೆಯಬಾರದು ಎಂದು ಇಂಗ್ಲಿಷಿನಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ ಬರೆದಿದ್ದೆ. ಇರುವೆಗಳು ಓದಿರಬಹುದು. ಬಡಿಗೇರ ಅಜ್ಜ ಪಟ್ಟಿ ಇಟ್ಟೇ ಅಳೆದ. ಸಾಗವಾನಿಯಲ್ಲಿ ಒಂದು ಕಿಟಕಿ ಮಾಡಿಯೂ ಮುಗಿಸಿದ. ಆಮೇಲೆ ಗೌಂಡಿ ದಾರ ಹಿಡಿದ, ಫೋನು ಬಂತು.

"ಲೇ ತಮ್ಮಾ, ಜಾಗಾದಾಗ ಗ್ವಾಡಿ 20 ಫೂಟ ಐತಿ. ನಿನ್ನ ಹಾಳಿ ಮ್ಯಾಲೆ 17 ಫೂಟ 4 ಇಂಚ ಐತಿ. ಉಳದದ್ದ ಯಾರ ತಿಂದ್ರು?"

"ಕಾಸ್ ಥೀಟಾ, ಕಾಕಾ."

"ಅಂವ ಯಾವ ಊರಾಂವ?"

ನಾನು ಗೋಡೆ ಓರೆ ಇರುವುದನ್ನು ವಿವರಿಸತೊಡಗಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಗೋಡೆ ಡೊಂಕು ಅಂದೆ. ಕಾಕಾ ಕೇಳುವಷ್ಟು ಕೇಳಿ, "ಗ್ವಾಡಿ ತನ್ನ ಜಾಗಾದಾಗ ನೆಟ್ಟಗ ಐತಿ. ನೀ ಓರೆ ನಿಂತಿ," ಅಂದ. ಡಿಪ್ಲೊಮಾದಲ್ಲಿ ಓರೆ ಮುಖದ ನಿಜ ಅಳತೆ ತೆಗೆಯುವುದನ್ನು ಕಲಿಯಲು ನಾನು ಒಂದು ಇಡೀ ಸೆಮಿಸ್ಟರ್ ಪೆನ್ಸಿಲ್ ಚೂಪು ಮಾಡಿದ್ದೆ. ಅಷ್ಟರ ಸಾರವನ್ನು ಕಾಕಾ ಒಂದೇ ಮಾತಿನಲ್ಲಿ ಮುಗಿಸಿದ್ದ. ಬಡಿಗೇರ ಅಜ್ಜನೂ ಮಾಡಿನ ತೊಲೆಯನ್ನು ಇಳಿಜಾರಿನ ಗುಂಟವೇ ಅಳೆಯುವವನು, ಅಂಗಳದಲ್ಲಿ ನಿಂತು ಕಂಡಷ್ಟೇ ಉದ್ದ ಎಂದು ನಂಬುವವನಲ್ಲ. ಈ ಸಲ ಮಾತ್ರ ಇಂಜಿನಿಯರನನ್ನು ನಂಬಿದ್ದ.

ಬಾಣವನ್ನು ಅಳಿಸಿ, ಗೋಡೆಗೆ ಸಮಾಂತರವಾಗಿ ಸೆಕ್ಷನ್ ಗೆರೆ ಎಳೆದೆ. ಗೋಡೆ ಪೂರ್ತಿ 20 ಅಡಿ ತೋರಿಸಿತು. ಅಲ್ಲಿಗೇ ಬಿಡಬೇಕಿತ್ತು. ಉತ್ಸಾಹ ಕೇಳಬೇಕಲ್ಲ, ಪ್ಲ್ಯಾನಿನಲ್ಲೂ ಆ ಗೋಡೆ ಅಡ್ಡಗೆರೆಯ ಹಾಗೆ ನೆಟ್ಟಗೆ ಕಾಣಲಿ ಎಂದು ನೋಟದ ಚೌಕಟ್ಟನ್ನು 30 ಡಿಗ್ರಿ ತಿರುಗಿಸಿದೆ. ರೆವಿಟ್‌ನಲ್ಲಿ ಹೀಗೆ ಮಾಡಿದರೆ ಹಾಳೆಯ ಮೇಲೆ ಚೌಕಟ್ಟು ಅಲುಗುವುದಿಲ್ಲ, ಒಳಗಿನದೆಲ್ಲ ಎದುರು ದಿಕ್ಕಿಗೆ ತಿರುಗುತ್ತದೆ. ಮನೆ, ಓಣಿ, ಬಾವಿ, ಹುಣಸೆಮರ ಎಲ್ಲ ಒಟ್ಟಿಗೆ ವಾಲಿದವು. ತೋರಿಸಿದ್ದರೆ ಬಸವಣ್ಣನ ಗುಡಿಯೂ ವಾಲುತ್ತಿತ್ತು.

ಮರುದಿನ ಮತ್ತೆ ಫೋನು. "ದೇವರ ಜಗಲಿ ಈಶಾನ್ಯಾ ಬಿಟ್ಟ ಎಲ್ಲಿ ಹೋತೋ? ನಿಮ್ಮ ಕಂಪ್ಯೂಟರಿನ್ಯಾಗ ಸೂರ್ಯಾ ಯಾವ ದಿಕ್ಕಿಗೆ ಹುಟ್ಟತಾನ?" ಮನೆ ಅಲ್ಲಾಡಿಲ್ಲ, ನಾವು ನೋಡುವ ಚೌಕಟ್ಟಷ್ಟೇ ತಿರುಗಿದೆ, ಅದಕ್ಕೇ ಉತ್ತರದ ಬಾಣವನ್ನೂ ವಾರೆ ಹಾಕಿದ್ದೇನೆ ಎಂದೆ. ಕಾಕಾ ಅತ್ತ ಹಾಳೆಯನ್ನು ತಿರುಗಿಸುವ ಸಪ್ಪಳ ಕೇಳಿಸಿತು. "ಈಗ ಸರಿ ಆತು. ಇಷ್ಟಕ್ಕ ಕಂಪ್ಯೂಟರ್ ಯಾಕ ಬೇಕು?"

ಡಂಬಳದ ದೊಡ್ಡಬಸಪ್ಪನ ಗುಡಿ ಕಟ್ಟಿದವರೂ ಬಹುಶಃ ಇದನ್ನೇ ಕೇಳುತ್ತಿದ್ದರು. ಕಲ್ಯಾಣ ಚಾಲುಕ್ಯರ ಕಾಲದ ಆ ಗುಡಿಯ ಗರ್ಭಗುಡಿಯ ಹೊರಮೈ ನಕ್ಷತ್ರದಾಕಾರದ್ದು, ಮೂಲೆಗಳು 24. ಒಂದು ಚೌಕವನ್ನು ನಡುಬಿಂದುವಿನ ಸುತ್ತ 15 ಡಿಗ್ರಿಯಂತೆ ತಿರುಗಿಸುತ್ತ ಹೋದರೆ ಮೂಲೆಗಳ ಲೆಕ್ಕ 24ಕ್ಕೆ ಮುಟ್ಟುತ್ತದೆ. ಎಲ್ಲಿ ನಿಂತರೂ ಒಂದೆರಡು ಮುಖ ಬಿಟ್ಟು ಉಳಿದವೆಲ್ಲ ಓರೆ. ಅದರ ಎದುರು ನೋಟ ತೆಗೆಯಲು ನನಗೆ ಹೇಳಿದರೆ ಮುಖಕ್ಕೊಂದು ಬಾಣ ಊರುತ್ತ ರಜೆ ಚೀಟಿ ಬರೆಯುತ್ತೇನೆ. ನಾನು ಒಂದೇ ಒಂದು ಓರೆ ಗೋಡೆಗೆ ಎರಡು ಸಲ ಸೋತವನು.

ಸಪೂರ ಕಿಟಕಿಯನ್ನು ಏನು ಮಾಡುವುದೆಂಬ ಚರ್ಚೆ ಕಟ್ಟೆಯ ಮೇಲೆ ವಾರಗಟ್ಟಲೆ ನಡೆಯಿತಂತೆ. ಸಾಗವಾನಿ, ಒಲೆಗೆ ಹಾಕಲು ಮನಸ್ಸಾಗದು. ದೀಪಾವಳಿಗೆ ಹೋದಾಗ ನೋಡಿದೆ, ಅದನ್ನು ದನದ ಕೊಟ್ಟಿಗೆಗೆ ಕೂಡಿಸಿದ್ದರು. ಕೊಟ್ಟಿಗೆಯ ಗೋಡೆಯೂ ಓರೆಯೇ. ಒಳಗೆ ಗೂಟ ಮಾತ್ರ ಬೇರೆ ದಿಕ್ಕಿನಲ್ಲಿತ್ತು. ಎತ್ತು ಹಗ್ಗ ಬಿಗಿಯಾಗುವಷ್ಟು ಹೊರಳಿ, ಕಿಟಕಿಗೆ ಸರಿಯಾಗಿ ಮುಖ ಕೊಟ್ಟು ನಿಂತು ಮೆಲುಕು ಹಾಕುತ್ತಿತ್ತು.