ರೇಟಿಂಗ್ ಸಾಹೇಬರು

ನಾಶಿಕದಿಂದ ಮುಂಬೈ–ಆಗ್ರಾ ಹೆದ್ದಾರಿ ಹಿಡಿದು ಸುಮಾರು 65 ಕಿಲೋಮೀಟರ್ ಹೋದರೆ ಚಾಂದವಡ್. ಗುಡ್ಡದ ಮೇಲೆ ಕೋಟೆ, ಊರೊಳಗೆ ಅಹಿಲ್ಯಾಬಾಯಿ ಹೋಳ್ಕರರ ರಂಗಮಹಲ್, ಹೆದ್ದಾರಿ ಪಕ್ಕದ ಬೆಟ್ಟದಲ್ಲಿ ರೇಣುಕಾ ಮಾತೆ, ಉಳಿದ ಕಡೆಯೆಲ್ಲ ಈರುಳ್ಳಿ. ಧಾರವಾಡದ ನಮ್ಮ ಸಾಹೇಬರನ್ನು ಬ್ಯಾಂಕಿನವರು ಇಲ್ಲಿಯ ಶಾಖೆಗೆ ವರ್ಗ ಮಾಡಿದಾಗ ಅವರ ತಾಯಿ ಅತ್ತರಂತೆ. ರೇಣುಕೆಯ ಗುಡಿ ಇದೆ ಎಂದು ತಿಳಿದ ಮೇಲೆ, "ಹಂಗಾದ್ರ ನಮ್ಮ ಸವದತ್ತಿ ಎಲ್ಲವ್ವ ಅಲ್ಲೂ ಅದಾಳ, ಹೋಗಪಾ" ಎಂದು ಕಣ್ಣೊರೆಸಿಕೊಂಡರಂತೆ. ಎಲ್ಲವ್ವ ಹಗಲೆಲ್ಲ ಕಾಯುತ್ತಾಳೆ. ರಾತ್ರಿ ಹತ್ತರ ಮೇಲೆ ಸಾಹೇಬರು ಅವಳ ಕೈಗೂ ಸಿಗುವುದಿಲ್ಲ. ಫುಟ್‌ಬಾಲ್ ಮ್ಯಾನೇಜರ್ ಎಂಬ ಕಂಪ್ಯೂಟರ್ ಆಟದ ಮುಂದೆ ಕೂತಿರುತ್ತಾರೆ.

ಈ ಆಟದಲ್ಲಿ ಚೆಂಡು ಒದೆಯುವ ಕೆಲಸವಿಲ್ಲ. ನೀವು ತಂಡದ ಮ್ಯಾನೇಜರು. ಹನ್ನೊಂದು ಜನರನ್ನು ಆರಿಸಬೇಕು, ಆಟಗಾರರನ್ನು ಕೊಳ್ಳಬೇಕು, ಮಾರಬೇಕು, ಆಮೇಲೆ ಕೈಕಟ್ಟಿ ಕೂತು ಅವರು ಸೋಲುವುದನ್ನು ನೋಡಬೇಕು. ಹಗಲೆಲ್ಲ ಶಾಖೆಯಲ್ಲಿ ಮ್ಯಾನೇಜರಾಗಿದ್ದು ಸಾಲದೆ ರಾತ್ರಿಯೂ ಯಾಕೆ ಎಂದು ಹೆಂಡತಿ ಕೇಳಿದ್ದುಂಟು. "ಇಲ್ಲಿ ನಾ ಹೇಳಿದ್ದು ಕೇಳ್ತಾರ" ಎಂಬುದು ಸಾಹೇಬರ ಉತ್ತರ.

ಆಟಗಾರರನ್ನು ಆರಿಸುವಾಗ ಸಾಹೇಬರು ಆಟ ನೋಡುವುದಿಲ್ಲ, ಹೆಸರು ನೋಡುತ್ತಾರೆ. ಇಂಥವರು ಎಲ್ಲ ಊರಲ್ಲೂ ಇದ್ದಾರೆ. ಬೋರ್ಡಿನ ಮೇಲೆ ಬರೆದ ಇಸವಿ ನೋಡಿ ದೋಸೆ ರುಚಿಯಾಗಿದೆ ಎನ್ನುವವರು, ಗಾಯಕರ ಪ್ರಶಸ್ತಿಗಳನ್ನು ಎಣಿಸಿ ಆಮೇಲೆ ತಲೆದೂಗುವವರು. ಸಾಹೇಬರ ವಿಶೇಷವೆಂದರೆ ಅವರು ಇದನ್ನು ಸಿದ್ಧಾಂತ ಮಾಡಿಕೊಂಡಿದ್ದಾರೆ. ಅವರ ತಂಡದಲ್ಲಿ ಇಬ್ಬರು ಸ್ಟ್ರೈಕರ್‌ಗಳು. ಒಬ್ಬ ಮೂವತ್ತು ದಾಟಿದವ, ದೊಡ್ಡ ಹೆಸರು, ದೊಡ್ಡ ಸಂಬಳ, ಆಟ ತೋರಿಸುವ ರೇಟಿಂಗ್ ನಾಲ್ಕೂವರೆ ನಕ್ಷತ್ರ. ಗೋಲು ಹೊಡೆದು ತಿಂಗಳುಗಳಾಗಿವೆ. ಇನ್ನೊಬ್ಬ ಇಪ್ಪತ್ತರ ಹುಡುಗ, ಎರಡೂವರೆ ನಕ್ಷತ್ರ. ಕಳೆದ ಐದು ಪಂದ್ಯಗಳ ಸರಾಸರಿ ಅಂಕ ಎಂಟರ ಹತ್ತಿರ. ಪ್ರತಿ ವಾರವೂ ಸಾಹೇಬರು ಗಡ್ಡ ಕೆರೆದುಕೊಳ್ಳುತ್ತಾರೆ, ಚಹಾ ಕುಡಿಯುತ್ತಾರೆ, ಎದ್ದು ಅಡ್ಡಾಡುತ್ತಾರೆ. ಪ್ರತಿ ವಾರವೂ ನಾಲ್ಕೂವರೆ ನಕ್ಷತ್ರದವನನ್ನೇ ಇಳಿಸುತ್ತಾರೆ. ಅಷ್ಟಕ್ಕೆ ಯೋಚನೆ ಯಾಕೆ ಎಂದು ಕೇಳಬಾರದು. ಯೋಚಿಸದೆ ಸಹಿ ಹಾಕಿದರೆ ಆಡಿಟ್‌ನಲ್ಲಿ ಸಿಕ್ಕಿಬೀಳುತ್ತಾರೆ.

ವೃತ್ತಿಯೇ ಹಾಗೆ. ಹಗಲು ಅವರ ಮೇಜಿಗೆ ಸಾಲದ ಅರ್ಜಿ ಬಂದಾಗ ರೈತನ ಮುಖಕ್ಕಿಂತ ಮೊದಲು ಸಿಬಿಲ್ ಸ್ಕೋರ್ ಕಾಣುತ್ತದೆ. 300ರಿಂದ 900ರವರೆಗಿನ ಆ ಅಂಕಿ 750 ದಾಟಿದ್ದರೆ ಕುರ್ಚಿ, ಇಲ್ಲದಿದ್ದರೆ ಬಾಗಿಲು. ಹೊಲದಲ್ಲಿ ಬೆಳೆ ಹೇಗೆ ನಿಂತಿದೆ ಎಂಬುದು ಎರಡನೆಯ ಪ್ರಶ್ನೆ. ಅಂಕಿ ಒಳ್ಳೆಯದಿದ್ದವನು ಸಾಲ ಮುಳುಗಿಸಿದರೆ ಅದು ದುರದೃಷ್ಟ, ಅಂಕಿ ಕಡಿಮೆ ಇದ್ದವನು ಮುಳುಗಿಸಿದರೆ ಅದು ಮ್ಯಾನೇಜರನ ತಪ್ಪು. ಆಟದಲ್ಲೂ ಇದೇ ಲೆಕ್ಕ. ಹೆಸರಿದ್ದವನನ್ನು ಆಡಿಸಿ ಸೋತರೆ ಯಾರೂ ಬೈಯುವುದಿಲ್ಲ. ಕಂಪ್ಯೂಟರಿನಲ್ಲಿ ಬೈಯುವವರು ಯಾರಿದ್ದಾರೆ ಎಂದು ನಾನೊಮ್ಮೆ ಕೇಳಿದೆ. "ರೂಢಿ" ಎಂದರು.

ಸಾಹೇಬರಿಗೆ ಎದುರಾಳಿ ಮೇಲಿನ ಮನೆಯ ಹುಡುಗ. ಇಲ್ಲಿಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದುತ್ತಾನೆ, ಪಕ್ಕದ ಹಳ್ಳಿಯ ಈರುಳ್ಳಿ ಬೆಳೆಗಾರರ ಮಗ, ಅದೇ ಆಟ ಆಡುತ್ತಾನೆ. ಸಾಹೇಬರು ಕ್ಲಾಸ್ ಪಕ್ಷದವರಾದರೆ ಇವನು ಫಾರ್ಮ್ ಪಕ್ಷದವನು. ಇವತ್ತು ಓಡುವ ಕುದುರೆಗೆ ಇವತ್ತೇ ಜೀನು ಎಂಬುದು ಅವನ ವಾದ. ಶನಿವಾರ ರಾತ್ರಿ ಇಬ್ಬರೂ ಕೂತರೆಂದರೆ ಮಾತು ಚಾಂದವಡದಿಂದ ನೇರ ಇಟಲಿಗೆ.

ಸಾಹೇಬರ ಬತ್ತಳಿಕೆಯ ಮೊದಲ ಬಾಣ ಪಾವೊಲೊ ರೊಸ್ಸಿ. ಎರಡು ವರ್ಷ ನಿಷೇಧ ಅನುಭವಿಸಿ 1982ರ ವಿಶ್ವಕಪ್ಪಿಗೆ ಬಂದವನು ಮೊದಲ ನಾಲ್ಕು ಪಂದ್ಯಗಳಲ್ಲಿ ಒಂದೂ ಗೋಲು ಹೊಡೆಯಲಿಲ್ಲ. ಕೋಚ್ ಬೇರ್ಜೋಟ್ ಕೈಬಿಡಲಿಲ್ಲ. ಆಮೇಲೆ ಬ್ರೆಜಿಲ್ ಮೇಲೆ ಮೂರು, ಪೋಲೆಂಡ್ ಮೇಲೆ ಎರಡು, ಫೈನಲಿನಲ್ಲಿ ಒಂದು. ಕಪ್ಪು ಇಟಲಿಗೆ. "ನೋಡಪಾ, ಫಾರ್ಮ್ ನೋಡಿ ಕೂಡಿಸಿದ್ರ ಏನ್ ಆಗ್ತಿತ್ತು?"

ಹುಡುಗನೂ ಇಟಲಿಯಿಂದಲೇ ಬಾಣ ತೆಗೆಯುತ್ತಾನೆ. 1990ರ ಸ್ಕಿಲಾಚಿ. ವಿಶ್ವಕಪ್ಪಿಗೆ ಮೊದಲು ದೇಶದ ಪರ ಆಡಿದ್ದು ಒಂದೇ ಪಂದ್ಯ. ಬದಲಿ ಆಟಗಾರನಾಗಿ ಇಳಿದು ಶುರುಮಾಡಿದವನು ಆರು ಗೋಲು ಹೊಡೆದು ಅತಿಹೆಚ್ಚು ಗೋಲಿನ ಬಹುಮಾನ ಪಡೆದ. ರೊಸ್ಸಿಯದೂ ಆರೇ, ಅವನಿಗೂ ಅದೇ ಬಹುಮಾನ. "ಆಮೇಲೆ ನಿಮ್ಮ ಸ್ಕಿಲಾಚಿ ಇಟಲಿಗೆ ಎಷ್ಟ್ ಹೊಡದಾ?" ಎಂದು ಸಾಹೇಬರು. ಒಂದೇ ಒಂದು. "ಕಾಕಾ, ಕಪ್ಪು ನಡೆದದ್ದು ಆ ತಿಂಗಳು" ಎಂದು ಹುಡುಗ. ಇಲ್ಲಿಗೆ ಒಂದೊಂದು ಸಮ.

ಸುನಿಲ್ ಛೆತ್ರಿಯ ಮಾತು ಬಂದರೆ ಪಂಚಾಯಿತಿ ಬಗೆಹರಿಯುವುದೇ ಇಲ್ಲ. 2024ರ ಜೂನ್‌ನಲ್ಲಿ ಕೋಲ್ಕತ್ತದಲ್ಲಿ 94 ಗೋಲುಗಳ ಲೆಕ್ಕ ಮುಗಿಸಿ ಭಾರತ ತಂಡಕ್ಕೆ ವಿದಾಯ ಹೇಳಿದವರು, ಬೆಂಗಳೂರು ಎಫ್‌ಸಿ ಪರ ಮುಂದಿನ ಐಎಸ್‌ಎಲ್‌ನಲ್ಲಿ 40ನೇ ವಯಸ್ಸಿನಲ್ಲಿ 14 ಗೋಲು ಹೊಡೆದರು. ನಡುವೆ, 2025ರ ಮಾರ್ಚಿನಲ್ಲಿ, ಕೋಚ್ ಮನೊಲೊ ಮಾರ್ಕೆಸ್ ಅವರನ್ನು ಭಾರತ ತಂಡಕ್ಕೆ ವಾಪಸ್ ಕರೆದರು. ಮಾಲ್ಡೀವ್ಸ್ ಎದುರು 95ನೆಯದೂ ಬಂತು. ಕರೆದದ್ದು ಫಾರ್ಮ್ ನೋಡಿಯೇ ಎಂದು ಹುಡುಗ, ಕ್ಲಾಸ್ ನೋಡಿಯೇ ಎಂದು ಸಾಹೇಬರು. ಒಬ್ಬನೇ ಮನುಷ್ಯ ಎರಡೂ ಕಡೆ ಸಾಕ್ಷಿ ಹೇಳುವ ಮೊಕದ್ದಮೆ ಇದು.

ಒಮ್ಮೆ ಮಾತ್ರ ಹುಡುಗ ಸಾಹೇಬರ ಬಾಯಿ ಕಟ್ಟಿಸಿದ. 2023ರಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷಗಳ ಮೇಲೆ ಸಂತೋಷ್ ಟ್ರೋಫಿ ಗೆದ್ದ ಕರ್ನಾಟಕ ತಂಡದ "ನಾಲ್ಕು ಜನರ ಹೆಸರು ಹೇಳಿ, ಕಾಕಾ" ಎಂದ. ಕನ್ನಡದ ಸಾಹೇಬರಿಗೆ ಒಂದೂ ನೆನಪಾಗಲಿಲ್ಲ. ನೀರು ಕುಡಿಯಲು ಒಳಗೆ ಹೋದವರು ಬಹಳ ಹೊತ್ತು ನೀರು ಕುಡಿದರು.

ಇಬ್ಬರೂ ಗಮನಿಸದ ಸಂಗತಿಯೊಂದು ಆಟದೊಳಗೇ ಇದೆ. ಆಟಗಾರನ ನಿಜವಾದ ಸಾಮರ್ಥ್ಯ 200ಕ್ಕೆ ಇಷ್ಟು ಎಂದು ಒಳಗೆ ಬಚ್ಚಿಟ್ಟಿರುತ್ತಾರೆ, ನಮಗೆ ಕಾಣಿಸುವುದಿಲ್ಲ. ಕಾಣುವ ನಕ್ಷತ್ರ ಸಹಾಯಕ ಕೋಚಿನ ಅಭಿಪ್ರಾಯ ಮಾತ್ರ, ಅದೂ ನಿಮ್ಮ ತಂಡದ ಉಳಿದವರಿಗೆ ಹೋಲಿಸಿ. ಸಣ್ಣ ತಂಡದ ನಾಲ್ಕು ನಕ್ಷತ್ರದವನು ದೊಡ್ಡ ತಂಡಕ್ಕೆ ಹೋದರೆ ಎರಡು ನಕ್ಷತ್ರ. ತಾಲ್ಲೂಕಿನಲ್ಲಿ ಸಾಹೇಬರಾದವರು ನಾಶಿಕದ ರೀಜನಲ್ ಆಫೀಸಿನಲ್ಲಿ ಫೈಲು ಹಿಡಿದು ನಿಲ್ಲುವುದನ್ನು ನೋಡಿದವರಿಗೆ ಇದು ಹೊಸದಲ್ಲ. ಇನ್ನು ಫಾರ್ಮ್ ಎಂಬುದು ಆಗಿಹೋದ ಐದು ಪಂದ್ಯಗಳ ವರದಿ. ಕೊನೆಯ ಸ್ಥಾನದ ತಂಡದ ಮೇಲೆ ಮೂರು ಗೋಲು ಹೊಡೆದವನಿಗೂ ಅಂಕ ಏರುತ್ತದೆ. ಅದರ ಹಿಂದಿರುವ ಹುರುಪು, ದೇಹದ ತಯಾರಿ, ಆಟವನ್ನು ಸ್ಥಿರವಾಗಿ ಕಾಯ್ದುಕೊಳ್ಳುವ ಗುಣ ಇವೇ ಮುಖ್ಯ, ಸ್ಥಿರತೆಯ ಅಂಕವಂತೂ ಅಡಗಿದ್ದು. ನನ್ನನ್ನು ಕೇಳಿದರೆ 38 ಪಂದ್ಯಗಳ ಲೀಗಿಗೆ ಸಾಮರ್ಥ್ಯ ನೋಡುತ್ತೇನೆ. ಸೋತರೆ ಮನೆಗೆ ಎನ್ನುವ ಒಂದು ಪಂದ್ಯಕ್ಕೆ, ಇಬ್ಬರ ಅಂತರ ಚಿಕ್ಕದಿದ್ದರೆ, ಹುರುಪಿನಲ್ಲಿರುವ ಹುಡುಗನನ್ನು ಇಳಿಸುತ್ತೇನೆ. ಇಬ್ಬರೂ ನನ್ನನ್ನು ಕೇಳಿಲ್ಲ.

ಕೇಳಿದ್ದು ಹುಡುಗನ ಅಪ್ಪನನ್ನು. ಅವರು ಫುಟ್‌ಬಾಲ್ ನೋಡಿದವರಲ್ಲ. "ಲಾಲ್ ಕಾಂದಾ, ಅಂದರೆ ಕೆಂಪು ಈರುಳ್ಳಿ, ಬಂದ ವಾರವೇ ಮಾರಬೇಕು ಸಾಹೇಬ, ಇಟ್ಟರೆ ಕೊಳೆಯುತ್ತದೆ. ಉನ್ಹಾಳ ಕಾಂದಾ, ಅಂದರೆ ಬೇಸಿಗೆಯ ಈರುಳ್ಳಿ, ಚಾಳಿನಲ್ಲಿ, ಈರುಳ್ಳಿ ಕೂಡಿಡುವ ಶೆಡ್ಡಿನಲ್ಲಿ, ಇಟ್ಟು ತಿಂಗಳುಗಟ್ಟಲೆ ಕಾಯಬಹುದು. ಯಾವುದು ಯಾವುದೆಂದು ತಿಳಿದರೆ ಸಾಕು" ಎಂದರು. ಸಾಹೇಬರು "ನಾ ಹೇಳಿದ್ದು ಅದs ಅಲ್ಲ?" ಎಂದರು. ಹುಡುಗನೂ ಅದನ್ನೇ ಎಂದ. ಹುಡುಗನ ಅಪ್ಪ ಮೆಲ್ಲಗೆ ತಮ್ಮ ಸಾಲದ ಅರ್ಜಿ ಏನಾಯಿತು ಎಂದು ವಿಚಾರಿಸಿದರು. ಹಳೆಯ ಟ್ರ್ಯಾಕ್ಟರ್ ಸಾಲದ ಕಂತು ತಡವಾದದ್ದರಿಂದ ಸಿಬಿಲ್ ಬಿದ್ದಿದೆ, ಆದರೆ ಈ ಸಲ ಚಾಳಿನ ತುಂಬ ಸರಕು ಇದೆ. ಸಾಹೇಬರು ಗಡ್ಡ ಕೆರೆದುಕೊಂಡರು, ಚಹಾ ಕುಡಿದರು, ಎದ್ದು ಅಡ್ಡಾಡಿದರು. ಅರ್ಜಿ ಇನ್ನೂ ಮೇಜಿನ ಮೇಲಿದೆ.

ಈ ವರ್ಷ ಸಾಹೇಬರಿಗೇ ಬಡ್ತಿಯ ಸಂದರ್ಶನ ಬಂತು. ಠೇವಣಿ ಎಷ್ಟು ತಂದಿರಿ ಎಂದು ಕೇಳಿದವರ ಮುಂದೆ ಕರ್ನಾಟಕ ವಿಶ್ವವಿದ್ಯಾಲಯದ ಚಿನ್ನದ ಪದಕದ ಪ್ರಮಾಣಪತ್ರ ಇಟ್ಟರು, ಲ್ಯಾಮಿನೇಷನ್ ಮಾಡಿಸಿದ್ದು. ಬಡ್ತಿ ಅವರಿಗಿಂತ ಎಂಟು ವರ್ಷ ಕಿರಿಯನಿಗೆ ಹೋಯಿತು. "ಫಾರ್ಮ್ ನೋಡ್ಯಾರ, ಕ್ಲಾಸ್ ನೋಡಿಲ್ಲ" ಎಂದು ಆಟ ಹಚ್ಚಿ ಕೂತರು. ಆ ರಾತ್ರಿಯೂ ಇಳಿದದ್ದು ನಾಲ್ಕೂವರೆ ನಕ್ಷತ್ರದವನೇ. 0–2.

ಆ ಕಡೆ ಹೋಗುವ ಕನ್ನಡಿಗರು ಸಾಹೇಬರ ಮನೆಗೆ ಅಗತ್ಯವಾಗಿ ಹೋಗಿ, ಜೋಳದ ರೊಟ್ಟಿ, ಎಣಗಾಯಿ ಖಂಡಿತ ಸಿಗುತ್ತದೆ. ಭಾನುವಾರ ಹೋಗಿ. ಶನಿವಾರ ರಾತ್ರಿಯ ಪಂದ್ಯ ಏನಾಯಿತು ಎಂದು ಮಾತ್ರ ಊಟ ಮುಗಿಯುವವರೆಗೆ ಕೇಳಬೇಡಿ.