ಅರುವತ್ತನೇ ಪುಟದ ವಿದ್ವಾಂಸ

ಕೇರಳ ಸರಕಾರದ ಹಳೆ ಪೆನ್ಶನ್ ಲೆಕ್ಕದ ನೌಕರರು 56ಕ್ಕೆ ನಿವೃತ್ತರಾಗುತ್ತಾರೆ. ಅವರಲ್ಲಿ ಒಂದು ದೊಡ್ಡ ಹಿಂಡು ಮೇ 31ರಂದೇ ಹೊರಬೀಳುತ್ತದೆ. ಇಷ್ಟೊಂದು ಜನ ಮೇ ತಿಂಗಳಲ್ಲೇ ಹುಟ್ಟಿದ್ದು ಹೇಗೆ ಎಂದು ಜ್ಯೋತಿಷಿಗಳನ್ನು ಕೇಳಿ ಪ್ರಯೋಜನವಿಲ್ಲ. ಜೂನಿನಲ್ಲಿ ಒಂದನೇ ಕ್ಲಾಸಿಗೆ ಸೇರಿಸುವಾಗ ವಯಸ್ಸು ತುಂಬಿರಬೇಕಲ್ಲ, ಹೆಡ್ಮಾಷ್ಟ್ರು ಮೇ ತಿಂಗಳ ಯಾವುದೋ ಒಂದು ತಾರೀಕು ಗೀಚಿ ಮಗುವನ್ನು ಒಳಗೆ ಬಿಡುತ್ತಿದ್ದರು. ನನ್ನನ್ನೂ ಹಾಗೆಯೇ ಒಳಗೆ ಬಿಟ್ಟದ್ದು. ಅದೇ ತಾರೀಕು ನೋಡಿ ಸರಕಾರ ಹೊರಗೂ ಬಿಟ್ಟಿತು.

ಕಂದಾಯ ಇಲಾಖೆಯಲ್ಲಿ ಗುಮಾಸ್ತನಾಗಿ ಸೇರಿ ಗುಮಾಸ್ತನಿಗಿಂತ ಸ್ವಲ್ಪ ಮೇಲೆ ಮುಗಿಸಿದವನು ನಾನು. ಬೀಳ್ಕೊಡುಗೆಯ ದಿನ ಎಲ್ಲರಿಗೂ ಒಂದೇ ಪ್ರಶ್ನೆ: "ಇನ್ನು ಮುಂದೆ ಎಂತ?" ಒಬ್ಬರು ಅಡಿಕೆ ತೋಟಕ್ಕೆ ಕಾಳುಮೆಣಸಿನ ಬಳ್ಳಿ ಬಿಡುವವರಿದ್ದರು. ಇನ್ನೊಬ್ಬರು ದುಬಾಯಿಯಲ್ಲಿರುವ ಮಗನ ಮನೆಗೆ ಹೊರಟಿದ್ದರು. ನನಗೆ ತೋಟವೂ ಇಲ್ಲ, ದುಬಾಯಿಯಲ್ಲಿ ಮಗನೂ ಇಲ್ಲ. ಖರ್ಚಿಲ್ಲದ, ಆದರೆ ಕೇಳುವಾಗ ತೂಕ ಇರುವ ಏನಾದರೊಂದು ಬೇಕಿತ್ತು. "ಕ್ಲಾಸಿಕ್ ಕಾದಂಬರಿಗಳನ್ನು ಓದುತ್ತೇನೆ" ಎಂದುಬಿಟ್ಟೆ. ಲಡ್ಡು ಜಗಿಯುತ್ತಿದ್ದವರೆಲ್ಲ ಒಂದು ಗಳಿಗೆ ಜಗಿಯುವುದನ್ನು ನಿಲ್ಲಿಸಿದರು. ಇಡೀ ಸರ್ವೀಸಿನಲ್ಲಿ ನನ್ನ ಯಾವ ಮಾತಿಗೂ ಅಷ್ಟು ಮರ್ಯಾದೆ ಸಿಕ್ಕಿರಲಿಲ್ಲ.

ಅಲ್ಲಿಗೇ ಬಿಟ್ಟಿದ್ದರೆ ಎಲ್ಲರೂ ಮರೆಯುತ್ತಿದ್ದರು. ಆದರೆ ಕೇರಳದಲ್ಲಿ ಮೇ 31 ಕಳೆದು ಮೂರು ವಾರ ಆಗುವ ಮೊದಲೇ ಜೂನ್ 19 ಬರುತ್ತದೆ. ಅದು ಪಿ.ಎನ್. ಪಣಿಕ್ಕರ್ ತೀರಿಕೊಂಡ ದಿನ. 1945ರಲ್ಲಿ ತಿರುವಾಂಕೂರಿನ 47 ಗ್ರಂಥಾಲಯಗಳನ್ನು ಸೇರಿಸಿ ಸಂಘ ಕಟ್ಟಿ, ಮುಂದೆ ಕೇರಳದ ಊರೂರಲ್ಲಿ ವಾಚನಾಲಯದ ಬಾಗಿಲು ತೆರೆಯುವಂತೆ ಮಾಡಿದ ಮನುಷ್ಯ ಅವರು. 1995ರಲ್ಲಿ ಅವರು ಹೋದ ಮೇಲೆ ಆ ದಿನ ವಾಚನ ದಿನವಾಯಿತು. ಕಾಸರಗೋಡಿನ ಕನ್ನಡ ಶಾಲೆಗಳಲ್ಲೂ ಮಕ್ಕಳು ಅಂದು ಪುಸ್ತಕ ಹಿಡಿದು ಪ್ರತಿಜ್ಞೆ ಮಾಡುತ್ತಾರೆ. ಹತ್ತಿರದ ಒಂದು ಶಾಲೆಯವರು ಮುಖ್ಯ ಅತಿಥಿಯನ್ನು ಹುಡುಕುತ್ತಿದ್ದರು. ನಾನು ಖಾಲಿ ಇದ್ದೆ. ಮೈಕ್ ಕೈಗೆ ಬಂದಾಗ ನನ್ನ ನಾಲಗೆ ನನ್ನ ಮಾತು ಕೇಳುವುದಿಲ್ಲ. "ಮುಂದಿನ ವಾಚನ ದಿನದೊಳಗೆ ಕನ್ನಡದ ಕ್ಲಾಸಿಕ್ ಕಾದಂಬರಿಗಳನ್ನೆಲ್ಲ ಓದಿ ಮುಗಿಸುತ್ತೇನೆ" ಎಂದು ಆ ಪುಟಾಣಿಗಳ ಎದುರು ಘೋಷಿಸಿದೆ. ಮಳೆ ಹೊಯ್ಯುತ್ತಿತ್ತು, ಹಿಂದಿನ ಬೆಂಚಿನವರಿಗೆ ಕೇಳಿಸಲಿಲ್ಲ. ಆದರೆ ಮುಂದಿನ ಸಾಲಿನ ಟೀಚರೊಬ್ಬರು ಮೊಬೈಲ್ ಎತ್ತಿ ಹಿಡಿದಿದ್ದರು. ನಾನು ಮನೆಗೆ ಬಂದು ಒದ್ದೆ ಕೊಡೆ ಬಿಡಿಸಿಡುವ ಹೊತ್ತಿಗೆ ಆ ವೀಡಿಯೋ ನಮ್ಮ ವಿದ್ಯಾನಗರದ ವಾಟ್ಸಾಪ್ ಗುಂಪುಗಳನ್ನೆಲ್ಲ ಸುತ್ತಿ ಹೆಂಡತಿಯ ಮೊಬೈಲಿಗೆ ಬಂದಾಗಿತ್ತು.

ಅವಳು ಕನ್ನಡ ಟೀಚರಾಗಿದ್ದವಳು. ನಗಲಿಲ್ಲ, ಬೈಯಲಿಲ್ಲ. ಕಪಾಟಿನಿಂದ ಒಂದು ಹಳೆ ಹಾಜರಿ ಪುಸ್ತಕ ತೆಗೆದು ಸ್ಕೇಲಿಟ್ಟು ಗೆರೆ ಎಳೆದಳು. ಕ್ರಮ ಸಂಖ್ಯೆ, ಪುಸ್ತಕ, ಸುರು ಮಾಡಿದ ತಾರೀಕು, ಮುಗಿಸಿದ ತಾರೀಕು, ಷರಾ. "ಎಲ್ಲ ಅಂದಿದ್ದೀರಿ. ಗೆರೆ ಸಾಕಾಗದಿದ್ದರೆ ಇನ್ನೊಂದು ಪುಸ್ತಕ ಇದೆ" ಎಂದಳು.

ನಾನು ಕಡತದ ಮನುಷ್ಯ, ಯಾವುದನ್ನಾದರೂ ಮೊದಲ ಹಾಳೆಯಿಂದಲೇ ನೋಡಬೇಕು. ಹಾಗಾಗಿ ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎನ್ನುವ ‘ಇಂದಿರಾಬಾಯಿ’ಯಿಂದಲೇ ಸುರು. ಗುಲ್ವಾಡಿ ವೆಂಕಟರಾಯರು ಬರೆದದ್ದು, 1899ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ ಅಚ್ಚಾದದ್ದು. ವಿಧವಾ ವಿವಾಹದ ಪರವಾಗಿ ಆ ಕಾಲದಲ್ಲೇ ಮಾತಾಡಿದ ಪುಸ್ತಕ. ಬರೆದವರು ಪೊಲೀಸ್ ಇಲಾಖೆಯಲ್ಲಿದ್ದರು. ಅದಕ್ಕೂ ಹತ್ತು ವರ್ಷ ಮೊದಲು ಮಲಯಾಳದಲ್ಲಿ ‘ಇಂದುಲೇಖಾ’ ಬರೆದ ಚಂದು ಮೇನೋನ್ ಮುನ್ಸೀಫರು. ಇಲಾಖೆಯ ಕೆಲಸ ಮಾಡುತ್ತಲೇ ಅವರೆಲ್ಲ ಕಾದಂಬರಿ ಬರೆದರು. ಕೆಲಸ ಬಿಟ್ಟು ಕೂತ ನನಗೆ ಓದಲಿಕ್ಕೂ ಆಗಲಿಲ್ಲ ಎಂಬುದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ.

ಆಗದೇ ಇರಲು ಕಾರಣ ಮುನ್ನುಡಿ. ಕ್ಲಾಸಿಕ್ ಅಂದರೆ ಸಾಕು, ಅದರ ಎದುರು ಪ್ರಕಾಶಕರ ಮಾತು, ಸಂಪಾದಕರ ಮಾತು, ವಿದ್ವಾಂಸರ ಪ್ರಸ್ತಾವನೆ ಎಂದು ಸಾಲುಗಟ್ಟಿ ನಿಂತಿರುತ್ತವೆ. ಒಂದೊಂದನ್ನೂ ಶ್ರದ್ಧೆಯಿಂದ ಓದಿದೆ. ಓದಿ ಮುಗಿಯುವಾಗ ಕಥೆ ಏನು, ಅದು ಯಾಕೆ ಮುಖ್ಯ, ಅದರಲ್ಲಿ ಯಾರ ಪ್ರಭಾವ ಇದೆ ಎಲ್ಲ ಗೊತ್ತಾಗಿಬಿಟ್ಟಿರುತ್ತಿತ್ತು. ಗೊತ್ತಿರುವುದನ್ನು ಪುನಃ ಓದುವುದೇಕೆ? ಬೆಳಗ್ಗೆ ಸ್ಟೇಡಿಯಂ ಕಡೆ ನಡೆಯಲು ಹೋದಾಗ ನಾನು ‘ನವೋದಯದ ಆಶಯ’, ‘ವಸಾಹತು ಸಂದರ್ಭ’ ಎಂದೆಲ್ಲ ಮಾತಾಡತೊಡಗಿದೆ. ಜೊತೆಗೆ ನಡೆಯುವವರು ನಿಧಾನಕ್ಕೆ ವೇಗ ಹೆಚ್ಚಿಸಿಕೊಂಡರು.

ಆಮೇಲೆ ‘ಮಲೆಗಳಲ್ಲಿ ಮದುಮಗಳು’. ಕುವೆಂಪು 1967ರಲ್ಲಿ ಹೊರತಂದ ಈ ಕಾದಂಬರಿಯಲ್ಲಿ ಜನ ಎಷ್ಟಿದ್ದಾರೆಂದರೆ, ನಮ್ಮ ವಾರ್ಡಿನ ಮತದಾರರ ಪಟ್ಟಿಯೇ ಸಣ್ಣದು. ಗುತ್ತಿ ಬಂದ, ಅವನ ನಾಯಿ ಹುಲಿಯ ಬಂತು, ಸಿಂಬಾವಿ, ಕೋಣೂರು, ಬೆಟ್ಟಳ್ಳಿ, ಹಳೆಮನೆ ಎಂದು ಊರುಗಳೂ ಹೆಗ್ಗಡೆಯವರೂ ಬಂದರು. ಬೇರೆಯವರಾದರೆ ಸುಮ್ಮನೆ ಓದಿಕೊಂಡು ಹೋಗುತ್ತಿದ್ದರು. ನನ್ನೊಳಗಿನ ಗುಮಾಸ್ತ ಎದ್ದು ಕೂತ. ಯಾವ ಮನೆ ಯಾವ ಗುಡ್ಡದ ಯಾವ ಬದಿಗೆ? ಗುತ್ತಿ ಕಾಡಿನೊಳಗೆ ಹೋದ ದಾರಿ ಪೊರಂಬೋಕೋ, ಪಟ್ಟೆ ಜಾಗವೋ? ದೊಡ್ಡ ಹಾಳೆ ತಂದು ಪೆನ್ಸಿಲಿನಲ್ಲಿ ನಕ್ಷೆ ಬರೆದೆ. ಉತ್ತರ ದಿಕ್ಕಿಗೆ ಬಾಣ ಹಾಕಿದೆ. ಹಳ್ಳಕ್ಕೆ ನೀಲಿ, ಕಾಡಿಗೆ ಹಸಿರು. ಕುವೆಂಪು ಅವರು ಗಡಿಕಲ್ಲು ಎಲ್ಲಿ ಎಂದು ಬರೆಯದೇ ಬಿಟ್ಟ ಕಡೆ ನಾನೇ ಹಾಕಿದೆ. ನಕ್ಷೆ ಚೆನ್ನಾಗಿಯೇ ಬಂತು. ಕಾದಂಬರಿಯಲ್ಲಿ ಮಾತ್ರ ಗುತ್ತಿಯೂ ನಾಯಿಯೂ ಕಾಡಿನ ಮಧ್ಯೆ ನಾನು ಬಿಟ್ಟಲ್ಲೇ ನಿಂತಿದ್ದರು. ಹೆಂಡತಿ ಷರಾ ಬರೆದಳು: "ಸರ್ವೆ ಪೂರ್ತಿ. ಓದು ಬಾಕಿ."

ಇದೇ ಕಾದಂಬರಿಯನ್ನು 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಬಸವಲಿಂಗಯ್ಯನವರು ರಾತ್ರಿಯಿಡೀ ನಡೆಯುವ ನಾಟಕ ಮಾಡಿ ಆಡಿಸಿದ್ದರಂತಲ್ಲ, ಒಂಬತ್ತು ಗಂಟೆಯದ್ದು. ಅದನ್ನು ನೋಡಿದರೆ ಓದಿದ ಲೆಕ್ಕಕ್ಕೆ ಬರುತ್ತದೆಯೇ ಎಂದು ಕೇಳಿದೆ. "ನೀವು ಯಕ್ಷಗಾನಕ್ಕೆ ಹೋದರೂ ಒಡ್ಡೋಲಗ ಮುಗಿಯುವಾಗ ಮಲಗಿ ಮಂಗಳಕ್ಕೆ ಏಳುವವರು" ಎಂದಳು. ಪಾರ್ತಿಸುಬ್ಬನ ಕುಂಬಳೆ ಇಲ್ಲೇ ಪಕ್ಕದಲ್ಲಿದೆ. ಈ ಸೀಮೆಯಲ್ಲಿ ಆಟದ ನಡುವೆ ನಿದ್ದೆ ಮಾಡುವುದು ಪ್ರೇಕ್ಷಕನ ಹಕ್ಕು, ಅದನ್ನು ಯಾರೂ ಎತ್ತಿ ಆಡುವ ಹಾಗಿಲ್ಲ.

ಸಿನಿಮಾ ದಾರಿಯನ್ನೂ ನೋಡಿದ್ದಾಯಿತು. ‘ಚೋಮನ ದುಡಿ’ ಬಿ.ವಿ. ಕಾರಂತರದ್ದು ಇದೆ, ‘ಕಾನೂರು ಹೆಗ್ಗಡಿತಿ’ ಗಿರೀಶ ಕಾರ್ನಾಡರದ್ದು, ‘ಬೆಟ್ಟದ ಜೀವ’ವೂ ‘ಮೂಕಜ್ಜಿಯ ಕನಸುಗಳು’ ಕೂಡ ಪಿ. ಶೇಷಾದ್ರಿಯವರದ್ದು. ಕನ್ನಡದ ನಿರ್ದೇಶಕರು ನನ್ನಂಥವರ ಮೇಲೆ ಬಹಳ ಕನಿಕರ ಇಟ್ಟಿದ್ದಾರೆ. ಆದರೆ ಹೆಂಡತಿಯ ಹಾಜರಿ ಪುಸ್ತಕದಲ್ಲಿ ಸಿನಿಮಾಕ್ಕೆ ಕಾಲಂ ಇರಲಿಲ್ಲ.

ಓದಲು ಕೂರುವ ಜಾಗದ್ದೂ ಒಂದು ಕಥೆ. ಜಗಲಿಯಲ್ಲಿ ಕೂತರೆ ಹೆದ್ದಾರಿ 66ರ ಗದ್ದಲ. ಅದನ್ನು ಆರು ಪಥ ಮಾಡಲು ಹೊರಟ ಮೇಲೆ ನಮ್ಮ ಊರಿನಲ್ಲಿ ಎದುರು ಬದಿಯ ಅಂಗಡಿಗೆ ಹೋಗಿ ಬರುವುದೂ ಒಂದು ಪ್ರವಾಸ. ಒಳಗೆ ಕೂತರೆ ಆಟಿಯ ಮಳೆ, ಕತ್ತಲೆ, ಬೂಸ್ಟು. ಮಾವನ ಕಾಲದ ಪುಸ್ತಕವೊಂದನ್ನು ತೆರೆದರೆ ಬೆನ್ನಿನ ಅಂಟಿನಿಂದ ಒಂದು ಬೆಳ್ಳಿಬಣ್ಣದ ಹುಳ ಹೊರಬಂದು, ಪುಟದ ಅಂಚಿನಲ್ಲಿ ನಿಂತು ಮೀಸೆ ಅಲ್ಲಾಡಿಸಿ, ಅವಸರವಿಲ್ಲದೆ ಮುಂದಿನ ಅಧ್ಯಾಯಕ್ಕೆ ಹೋಯಿತು. ನನಗಿಂತ ಎಷ್ಟೋ ಮುಂದೆ ಓದಿದ ಪ್ರಾಣಿ. ಅದರ ಹಿಂದೆಯೇ ನನಗೆ ಸೀನು ಸುರುವಾಯಿತು. ಡಾಕ್ಟರು ಧೂಳಿನ ಅಲರ್ಜಿ ಎಂದರು. ನಾನು ಊರಿಡೀ ‘ಓದಿ ಓದಿ ಹೀಗಾಯಿತು’ ಎಂದು ಹೇಳಿಕೊಂಡು ಬಂದೆ.

ಆ ಸುದ್ದಿಯೇ ನನ್ನನ್ನು ಹಾಳು ಮಾಡಿದ್ದು. ಓದಿ ಕಾಯಿಲೆ ಬಿದ್ದ ಮನುಷ್ಯ ಎಂಬ ಕೀರ್ತಿ ಚಂದ್ರಗಿರಿ ಹೊಳೆ ದಾಟಿ ತೆಂಕಕ್ಕೆ ಹೋಯಿತು. ಕಯ್ಯೂರು ಕಡೆಯ ಒಂದು ವಾಚನಾಲಯದವರು ಫೋನ್ ಮಾಡಿದರು. ಪುಸ್ತಕ ಚರ್ಚೆ ಇದೆಯಂತೆ, ನಿರಂಜನರ ‘ಚಿರಸ್ಮರಣೆ’. ಮೂಲ ಕನ್ನಡದಲ್ಲಿ ಓದಿದ ಒಬ್ಬರು ಬಂದು ಮಾತಾಡಿದರೆ ಚೆನ್ನ. ನಾನು "ಅದಕ್ಕೇನು, ಬರುವ" ಎಂದೆ. ಫೋನಿಟ್ಟ ಮೇಲೆ ಪುಸ್ತಕ ಹುಡುಕಲು ಹೊರಟೆ.

1955ರ ಆ ಕಾದಂಬರಿ ನಮ್ಮದೇ ಜಿಲ್ಲೆಯ ಕಥೆ. 1941ರ ಮಾರ್ಚಿನಲ್ಲಿ ಕಯ್ಯೂರಿನ ರೈತರ ಮೆರವಣಿಗೆಗೆ ಎದುರು ಸಿಕ್ಕ ಪೊಲೀಸ್ ಪೇದೆಯೊಬ್ಬ ಹೊಳೆಗೆ ಹಾರಿ ಸತ್ತ. ಆ ಕೇಸಿನಲ್ಲಿ ನಾಲ್ವರು ರೈತ ಯುವಕರನ್ನು 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಿದರು. ಮಲಯಾಳದ ನೆಲದ ಈ ಕಥೆ ಮೊದಲು ದೊಡ್ಡ ಕಾದಂಬರಿಯಾದದ್ದು ಕನ್ನಡದಲ್ಲಿ. ಆಮೇಲೆ ಮಲಯಾಳಕ್ಕೆ ಹೋಗಿ ಅಲ್ಲಿ ಮನೆಮಾತಾಯಿತು. ಇಷ್ಟು ನನಗೆ ಮೊದಲೇ ಗೊತ್ತಿತ್ತು. ಈ ಸಲ ಮುನ್ನುಡಿಯ ಚಟ ಬಿಡಬೇಕೆಂದು ನಿರ್ಧರಿಸಿ, ಮುನ್ನುಡಿಯ ಹಾಳೆಗಳನ್ನು ಒಟ್ಟಿಗೆ ಹಿಡಿದು ಮಗುಚಿ ನೇರ ಕಥೆಗೇ ಇಳಿದೆ. ಕಥೆ ಹಿಡಿಯಿತು, ಸುಳ್ಳು ಹೇಳುವುದಿಲ್ಲ. ಅಪ್ಪು, ಚಿರುಕಂಡ ಎಂಬ ಹುಡುಗರು, ಅವರ ಕಣ್ಣು ತೆರೆಸುವ ಮಾಸ್ತರು. ಆದರೆ ಸುರು ಮಾಡಿದ್ದೇ ಹಿಂದಿನ ರಾತ್ರಿ. ಅರುವತ್ತನೇ ಪುಟದಲ್ಲಿ ಕನ್ನಡಕ ಮೂಗಿನ ಮೇಲೆಯೇ ಇತ್ತು, ನಾನು ಇರಲಿಲ್ಲ.

ಉಳಿದದ್ದನ್ನು ರೈಲಿನಲ್ಲಿ ಮುಗಿಸುವುದು ಎಂದು ಲೆಕ್ಕ. ಕಾಸರಗೋಡಿನಿಂದ ಚೆರುವತ್ತೂರಿಗೆ ಹೆಚ್ಚೆಂದರೆ ಒಂದು ಗಂಟೆ. ಚಂದ್ರಗಿರಿ ಸೇತುವೆಯಲ್ಲಿ ಕಿಟಕಿಯ ಹೊರಗೆ ನೋಡದೆ ಇರಲು ಯಾರಿಗೆ ಸಾಧ್ಯ? ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ನೆನಪಾಯಿತು. ಅದನ್ನು ನಾನು ನಿಜವಾಗಿ, ಮೊದಲಿನಿಂದ ಕೊನೆಯವರೆಗೆ ಓದಿದ್ದೇನೆ. ತೆಳ್ಳಗಿದೆ. ಆಮೇಲೆ ಕಳನಾಡಿನ ಸುರಂಗ, ಕತ್ತಲೆ. ಬೆಳಕು ಬಂದಾಗ ಎದುರಿನ ಸೀಟಿನವರು "ಎಂತ ಪುಸ್ತಕ?" ಎಂದರು. ಹೇಳತೊಡಗಿದೆ. ಕಾಞಂಗಾಡು ಕಳೆಯಿತು, ನೀಲೇಶ್ವರ ಕಳೆಯಿತು, ನಾನಿನ್ನೂ ಹೇಳುತ್ತಲೇ ಇದ್ದೆ.

ವಾಚನಾಲಯದ ಸಣ್ಣ ಕೋಣೆ, ಗೋಡೆಯಲ್ಲಿ ನಾಲ್ವರ ಚಿತ್ರ, ಸ್ಟೀಲ್ ಲೋಟದಲ್ಲಿ ಕಟ್ಟನ್ ಚಾಯ, ತಟ್ಟೆಯಲ್ಲಿ ಪರಿಪ್ಪುವಡೆ. ಕೇರಳದಲ್ಲಿ ಕ್ರಾಂತಿಯ ಅಧಿಕೃತ ಆಹಾರ ಅದು. ಎದುರು ಕುರ್ಚಿಗಳಲ್ಲಿ ಬಹುತೇಕ ಎಪ್ಪತ್ತು ದಾಟಿದ ಕೃಷಿಕರು. ನನಗೆ ಧೈರ್ಯ ಬಂತು, ಇವರಿಗೆ ಕನ್ನಡ ಬಾರದು ಎಂದು. ನನ್ನ ಕಾಸರಗೋಡಿನ ಮಲಯಾಳದಲ್ಲಿ ಸುರು ಮಾಡಿದೆ. ದೂರದ ಬೆಂಗಳೂರಿನಲ್ಲಿ ಕೂತ ಲೇಖಕನೊಬ್ಬ ಈ ಊರನ್ನು ಕಾಣದೆಯೇ ಬರೀ ಕಲ್ಪನಾಶಕ್ತಿಯಿಂದ ಹೇಗೆ ಚಿತ್ರಿಸಿದ ನೋಡಿ ಎಂದು ಕೈ ಎತ್ತಿದೆ.

ಮುಂದಿನ ಸಾಲಿನ ಅಜ್ಜ ಒಬ್ಬರು ಮುಂಡಿನ ತುದಿಯಲ್ಲಿ ಕನ್ನಡಕ ಒರೆಸಿಕೊಳ್ಳುತ್ತಾ, "ಮಾಷೇ, ನಿರಂಜನ ಕಲಿತದ್ದು ನೀಲೇಶ್ವರದ ರಾಜಾಸ್ ಹೈಸ್ಕೂಲಿನಲ್ಲಿ ಅಲ್ಲವೋ?" ಎಂದು ಕೇಳಿದರು. ಕೇಳಿದ್ದು ಮಲಯಾಳದಲ್ಲಿ, ಬಹಳ ಮೆತ್ತಗೆ. ನಾನು, "ಹೌದೌದು, ಅದಕ್ಕೇ" ಎಂದೆ. ಯಾವುದಕ್ಕೆ ಎಂದು ಅವರೂ ಕೇಳಲಿಲ್ಲ. ಮುನ್ನುಡಿ ಓದಿದ್ದರೆ ಬಚಾವಾಗುತ್ತಿದ್ದೆನೋ ಏನೋ. ಮಾತು ಹೊರಳಿಸುವ ಗಡಿಬಿಡಿಯಲ್ಲಿ ಲೆಕ್ಕ ತಪ್ಪಿ, ಗಲ್ಲಿಗೇರಿದ ಐವರಿಗೆ ನಮಿಸಿದೆ. "ಗಲ್ಲು ಶಿಕ್ಷೆಯಾದದ್ದು ಐವರಿಗೆ. ಒಬ್ಬನಿಗೆ ಪ್ರಾಯ ತುಂಬಿರಲಿಲ್ಲ, ಗಲ್ಲು ತಪ್ಪಿತು" ಎಂದರು ಅಜ್ಜ. ಗೋಡೆಯ ಮೇಲಿನ ಚಿತ್ರಗಳನ್ನಾದರೂ ಎಣಿಸಬಹುದಿತ್ತು. ಪ್ರಾಯ ತುಂಬದ ಮಗುವಿಗೆ ತಾರೀಕು ಗೀಚಿ ಒಳಗೆ ಬಿಡುವ ಹೆಡ್ಮಾಷ್ಟ್ರು ಆ ಹುಡುಗನಿಗೆ ಸಿಗಲಿಲ್ಲವಲ್ಲ, ಪುಣ್ಯ.

ಕಾರ್ಯದರ್ಶಿ ಚಾಯ ಸುತ್ತು ಹಾಕಿಸಿದ. ಅಜ್ಜ ಕುರ್ಚಿ ಎಳೆದುಕೊಂಡು ನನ್ನ ಪಕ್ಕಕ್ಕೇ ಬಂದರು. "ಎಷ್ಟನೇ ಪುಟದವರೆಗೆ ಆಯಿತು?" ಸುಳ್ಳು ಹೇಳುವ ಶಕ್ತಿ ಉಳಿದಿರಲಿಲ್ಲ. "ಅರುವತ್ತು." "ಮಾಸ್ತರು ಬಂದಾಯಿತೋ?" "ಬಂದಿದ್ದಾರೆ." "ಹಾಗಾದರೆ ಸಾಕು, ಉಳಿದದ್ದು ನಾನು ಹೇಳುತ್ತೇನೆ" ಎಂದು ಸುರು ಮಾಡಿದರು. ಮಲಯಾಳದಲ್ಲಿ ಎಷ್ಟು ಸಲ ಓದಿದ್ದರೋ! ಅಧ್ಯಾಯ ಬಿಟ್ಟುಹೋಗುತ್ತಿರಲಿಲ್ಲ, ಯಾರು ಯಾರಿಗೆ ಏನೆಂದರು ಎಂಬುದೂ ತಪ್ಪುತ್ತಿರಲಿಲ್ಲ. ಜೊತೆಗೆ ಆ ಮೆರವಣಿಗೆಯಲ್ಲಿದ್ದ ಅವರ ತಂದೆ ಹೇಳಿದ್ದು ಬೇರೆ, ಪುಸ್ತಕದಲ್ಲಿಲ್ಲದ್ದು.

ಅಷ್ಟರಲ್ಲಿ ಯಾರೋ ನಾನು ಕಂದಾಯ ಇಲಾಖೆಯಿಂದ ಪೆನ್ಶನ್ ಆದವನು ಎಂದರು. ಸಭೆಗೆ ಒಮ್ಮೆಲೇ ಜೀವ ಬಂತು. ಜಮೀನ್ದಾರ ಜನ್ಮಿಗಳ ವಿರುದ್ಧ ಈ ಊರು ಎದ್ದು ನಿಂತದ್ದು 1941ರಲ್ಲಿ, ಜನ್ಮಿ ಪದ್ಧತಿ ಕೇರಳದಲ್ಲಿ ಕಾಗದದ ಮೇಲೆ ಮುಗಿದದ್ದು 1970ರ ಜನವರಿ 1ಕ್ಕೆ. ಆಮೇಲೆ ಸಿಕ್ಕ ಪಟ್ಟಯದ ಹಕ್ಕುಪತ್ರದಲ್ಲಿ ಹೆಸರಿನ ಒಂದು ಅಕ್ಷರ ತಪ್ಪಾದವರು, ಪೋಕ್ಕುವರವು, ಅಂದರೆ ಖಾತೆ ಬದಲಾವಣೆ, ಆಗದೆ ತಂಡಪ್ಪೇರು ಖಾತೆ ಇನ್ನೂ ಅಜ್ಜನ ಹೆಸರಿನಲ್ಲೇ ಇರುವವರು, ತೆರಿಗೆ ರಶೀದಿಯಲ್ಲಿ ಸರ್ವೆ ನಂಬರ್ ಬೇರೆ ಬರುತ್ತದೆ ಎನ್ನುವವರು ಒಬ್ಬೊಬ್ಬರಾಗಿ ಮನೆಗೆ ಓಡಿ ಪ್ಲಾಸ್ಟಿಕ್ ಚೀಲದಲ್ಲಿ ಕಾಗದ ಹಿಡಿದು ಬಂದರು. ನಾನು ಅಂಗಿಯ ತೋಳು ಮಡಚಿ ಕೂತೆ. ಈ ಪುಸ್ತಕಗಳನ್ನು ಓದಲು ನನಗೆ ಮುನ್ನುಡಿ ಬೇಕಿಲ್ಲ. ಬಲಗಡೆಯಲ್ಲಿ ಅಜ್ಜ ಕಾದಂಬರಿ ಮುಂದುವರಿಸುತ್ತಿದ್ದರು, ಎಡಗಡೆಯಲ್ಲಿ ನಾನು ಅರ್ಜಿ ಬರೆಯುತ್ತಿದ್ದೆ. ಸಂಜೆಯ ರೈಲು ತಪ್ಪಿತು. ಕಥೆ ಕಣ್ಣೂರು ಜೈಲಿಗೆ ಬರುವಾಗ ಕಾಗದ ಹಿಡಿದವರೂ ಸುಮ್ಮನಾಗಿ ಕೇಳಿಸಿಕೊಂಡರು. ಅವರಿಗೆಲ್ಲ ಗೊತ್ತಿದ್ದ ಕಥೆಯೇ.

ರಾತ್ರಿ ಬಸ್ಸಿಳಿದು ಮನೆ ಸೇರಿದವನೇ ಹಾಜರಿ ಪುಸ್ತಕ ತೆಗೆದು ‘ಚಿರಸ್ಮರಣೆ’ಯ ಎದುರು ಮುಗಿಸಿದ ತಾರೀಕು ಬರೆದೆ. ಹೆಂಡತಿ ವಿಚಾರಣೆ ಮಾಡಿ, ಅಜ್ಜನ ಸಂಗತಿ ಹೊರಡಿಸಿ, ತಾರೀಕಿಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದಳು. ಕುಮಾರವ್ಯಾಸ ಭಾರತವನ್ನು ನಮ್ಮ ಹಿರಿಯರೆಲ್ಲ ಗಮಕಿಗಳ ಬಾಯಿಯಿಂದ ಕೇಳಿಯೇ ತಿಳಿದದ್ದಲ್ಲವೇ, ಅವರೆಲ್ಲ ಭಾರತ ಓದದವರು ಎನ್ನುತ್ತೀಯಾ ಎಂದು ವಾದಿಸಿದೆ. "ಅವರು ಯಾರೂ ಮೈಕ್ ಹಿಡಿದು ಪ್ರತಿಜ್ಞೆ ಮಾಡಿದವರಲ್ಲ" ಎಂದು ಷರಾ ಕಾಲಂನಲ್ಲಿ ‘ಕೇಳಿಕೆ ಮಾತ್ರ’ ಎಂದು ಬರೆದಳು. ಅದರ ಮೇಲೆ ಲಿಖಿತವಾಗಿ ಮೇಲ್ಮನವಿ ಸಲ್ಲಿಸಿದ್ದೇನೆ. ಮೇಲ್ಮನವಿ ಅಧಿಕಾರಿಯೂ ಅವಳೇ.