ಗೃಹಮುದ್ರಕ ಮತ್ತು ಕಲರ್ ಲ್ಯಾಬ್: ಒಂದು ತೌಲನಿಕ ಅಧ್ಯಯನ

1. ಉದ್ದೇಶ, ವ್ಯಾಪ್ತಿ, ಮಿತಿ

ಫೋಟೋ ತೆಗೆಯುವುದು ಹೇಗೆಂದು ಹೇಳಿಕೊಡುವ ಗ್ರಂಥಗಳು ಲೋಕದಲ್ಲಿ ಬೇಕಾದಷ್ಟಿವೆ. ತೆಗೆದದ್ದನ್ನು ಕಾಗದಕ್ಕೆ ಎಲ್ಲಿ ಇಳಿಸಬೇಕು ಎಂಬ ವಿಷಯಕ್ಕೆ ಬಂದಾಗ ಮಾತ್ರ ನಮ್ಮ ವಿದ್ವಾಂಸರು ಗಾಢ ಮೌನ ತಾಳಿದ್ದಾರೆ. ಆ ಮೌನವನ್ನು ಮುರಿಯುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ಮನೆಯಲ್ಲೇ ಪ್ರಿಂಟರ್ ಇರಲಿ ಎನ್ನುವವರನ್ನು ಇಲ್ಲಿ ಗೃಹವಾದಿಗಳೆಂದೂ, ಲ್ಯಾಬಿಗೇ ಕೊಡಿ ಎನ್ನುವವರನ್ನು ಲ್ಯಾಬ್‌ವಾದಿಗಳೆಂದೂ ಕರೆಯಲಾಗಿದೆ. ಎರಡನ್ನೂ ಮಾಡದೆ ಸಾವಿರಾರು ಫೋಟೋಗಳನ್ನು ಫೋನಿನಲ್ಲೇ ಹೊತ್ತು ತಿರುಗುವವರು ಶೂನ್ಯವಾದಿಗಳು. ಇವರ ಸಂಖ್ಯೆ ಉಳಿದಿಬ್ಬರಿಗಿಂತ ಬಹಳ ದೊಡ್ಡದಾದ್ದರಿಂದ, ಸಂಶೋಧನೆಯ ಸಂಪ್ರದಾಯದಂತೆ, ಇವರನ್ನು ಅಧ್ಯಯನದ ವ್ಯಾಪ್ತಿಯಿಂದ ಕೈಬಿಡಲಾಗಿದೆ.

ಕ್ಷೇತ್ರಕಾರ್ಯವನ್ನು ಒಂದು ತಾಲ್ಲೂಕು ಕೇಂದ್ರದ ಬಸ್‌ಸ್ಟ್ಯಾಂಡಿನ ಎದುರಿಗಿರುವ ಸ್ಟುಡಿಯೋದಲ್ಲಿಯೂ, ಅದೇ ಊರಿನ ನಮ್ಮ ಭಾವನ ಮನೆಯ ಮಹಡಿಯಲ್ಲಿಯೂ ನಡೆಸಲಾಯಿತು. ಭಾವ ಪ್ರಧಾನ ಆವೇದಕರು. ಅವರು ಹೇಳಿದ್ದನ್ನೆಲ್ಲ ಅಕ್ಕ ಅಡುಗೆಮನೆಯಿಂದಲೇ ತಿದ್ದುತ್ತಿದ್ದುದರಿಂದ ಪಾಠಾಂತರಗಳು ಹೇರಳವಾಗಿ ದೊರೆತಿವೆ.

2. ಪೂರ್ವಾಧ್ಯಯನಗಳ ಸಮೀಕ್ಷೆ

ಪೂರ್ವಾಧ್ಯಯನಗಳಿಲ್ಲ. ಇದ್ದಿದ್ದರೆ ಅವುಗಳಲ್ಲಿ ಗಂಭೀರ ಕೊರತೆಗಳಿವೆ ಎಂದು ಇಲ್ಲಿ ಬರೆಯಬೇಕಾಗುತ್ತಿತ್ತು.

3. ಐತಿಹಾಸಿಕ ಹಿನ್ನೆಲೆ

ಆದಿಯಲ್ಲಿ ಎಲ್ಲರೂ ಗೃಹವಾದಿಗಳೇ. ಹತ್ತೊಂಬತ್ತನೇ ಶತಮಾನದ ಫೋಟೋಗ್ರಾಫರು ಗಾಜಿನ ಫಲಕಕ್ಕೆ ತಾನೇ ರಾಸಾಯನಿಕ ಬಳಿದು, ಅದು ಆರುವುದರೊಳಗೆ ಚಿತ್ರ ತೆಗೆದು, ಕತ್ತಲಲ್ಲಿ ತಾನೇ ತೊಳೆದು, ಬೆರಳುಗಳನ್ನೆಲ್ಲ ಕಪ್ಪು ಮಾಡಿಕೊಳ್ಳುತ್ತಿದ್ದ. 1888ರಲ್ಲಿ ಅಮೆರಿಕದ ಜಾರ್ಜ್ ಈಸ್ಟ್‌ಮನ್ ಕೊಡಕ್ ಕ್ಯಾಮೆರಾ ತಂದು ಈ ತಪಸ್ಸಿಗೆ ಭಂಗ ತಂದ. 25 ಡಾಲರಿನ ಆ ಪೆಟ್ಟಿಗೆಯಲ್ಲಿ 100 ಚಿತ್ರಕ್ಕಾಗುವಷ್ಟು ಫಿಲ್ಮ್ ಇರುತ್ತಿತ್ತು. ನೂರೂ ಮುಗಿದ ಮೇಲೆ ಗಿರಾಕಿ ಫಿಲ್ಮನ್ನಲ್ಲ, ಇಡೀ ಕ್ಯಾಮೆರಾವನ್ನೇ ರಾಚೆಸ್ಟರಿಗೆ ಪಾರ್ಸೆಲ್ ಮಾಡಬೇಕು. 10 ಡಾಲರ್ ಕೊಟ್ಟರೆ ಅವರೇ ಪ್ರಿಂಟು ಹಾಕಿ, ಹೊಸ ಫಿಲ್ಮ್ ತುಂಬಿ, ವಾಪಸು ಕಳಿಸುವರು. ಲ್ಯಾಬ್‌ವಾದದ ಮೂಲಪೀಠ ರಾಚೆಸ್ಟರ್ ಎಂಬುದು ಇದರಿಂದ ಸಿದ್ಧವಾಯಿತು. ಆ ಪೀಠವನ್ನು ಅಂಗಡಿಯ ಒಂದು ಮೂಲೆಗೆ ತಂದು ಕೂರಿಸಿದ ಕೀರ್ತಿ ಜಪಾನಿನ ನೊರಿಟ್ಸು ಕಂಪನಿಯದು. ಅದರ ಮಿನಿಲ್ಯಾಬ್ ಬಂದದ್ದು 1976ರಲ್ಲಿ. 1996ರಲ್ಲಿ ಫ್ಯೂಜಿಯ ಫ್ರಾಂಟಿಯರ್ ಬಂದು, ಕಾಗದದ ಮೇಲೆ ಲೇಸರಿನಿಂದ ಚಿತ್ರ ಬರೆಯತೊಡಗಿತು.

ಗೃಹವಾದದ ಪುನರುತ್ಥಾನದ ಕತೆ ಇನ್ನೂ ರೋಚಕವಾಗಿದೆ. 1977ರಲ್ಲಿ ಕ್ಯಾನನ್ ಕಂಪನಿಯ ಸಂಶೋಧಕರೊಬ್ಬರ ಮೇಜಿನ ಮೇಲೆ, ಕಾದ ಸೋಲ್ಡರಿಂಗ್ ಐರನ್ ಅಕಸ್ಮಾತ್ತಾಗಿ ಇಂಕು ತುಂಬಿದ ಸಿರಿಂಜಿನ ಸೂಜಿಗೆ ತಗುಲಿ, ಸೂಜಿಯ ತುದಿಯಿಂದ ಇಂಕು ಚಿಮ್ಮಿತಂತೆ. ನಮ್ಮ ಮನೆಗಳಲ್ಲಾಗಿದ್ದರೆ ಬೈಗುಳ ಬಿದ್ದು ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಅಲ್ಲಿ ಅದು ಬಬಲ್ ಜೆಟ್ ಆಯಿತು. ಎಪ್ಸನ್ ಕಂಪನಿ ಶಾಖದ ಸಹವಾಸವೇ ಬೇಡವೆಂದು, ಕರೆಂಟು ಹರಿದರೆ ಬಾಗುವ ಒಂದು ಹರಳಿನಿಂದ ಇಂಕನ್ನು ಒತ್ತಿ ಹೊರಹಾಕುವ ಮಾರ್ಗ ಹಿಡಿಯಿತು. ಹೀಗೆ ಗೃಹವಾದದಲ್ಲಿ ಕುದಿಸುವ ಮಠ, ಹಿಂಡುವ ಮಠ ಎಂದು ಎರಡು ಪರಂಪರೆಗಳಾದವು. ಇಂಕಿನ ಬೆಲೆಯ ವಿಷಯದಲ್ಲಿ ಎರಡೂ ಮಠಗಳಿಗೆ ಭಿನ್ನಾಭಿಪ್ರಾಯವಿಲ್ಲ.

4. ಗೃಹವಾದ ಮತ್ತು ಹಸಿರು ಮಗು

ಗೃಹವಾದಿಗಳ ಪರಮಪ್ರಮಾಣ ಸ್ವಾತಂತ್ರ್ಯ. “ರಾತ್ರಿ ಹನ್ನೊಂದಕ್ಕೆ ಮನಸ್ಸಾದ್ರೆ ಹನ್ನೊಂದೂ ಐದಕ್ಕೆ ಫೋಟೋ ಕೈಯಲ್ಲಿರತ್ತೆ ಕಣಯ್ಯ. ನಿಮ್ಮ ಸ್ಟುಡಿಯೋದವನು ಅಷ್ಟು ಹೊತ್ತಲ್ಲಿ ಬಾಗಿಲು ತೆಗೀತಾನಾ?” ಎಂಬುದು ಭಾವನ ಸೂತ್ರವಾಕ್ಯ. (ಪಾಠಾಂತರ: “ರಾತ್ರಿ ಹನ್ನೊಂದಕ್ಕೆ ಫೋಟೋ ಯಾರಿಗ್ರೀ ಬೇಕಿತ್ತು?”)

ಸೂತ್ರದ ಪರೀಕ್ಷೆಗೆಂದು ಭಾವ ಮೊಮ್ಮಗಳ ನಾಮಕರಣದ ಫೋಟೋವನ್ನು ಪ್ರಿಂಟಿಗೆ ಕೊಟ್ಟರು. ಯುಗಾದಿಯಾದ ಮೇಲೆ ಯಂತ್ರವನ್ನು ಯಾರೂ ಮುಟ್ಟಿರಲಿಲ್ಲ. ಅದು ಕೆಮ್ಮಿತು, ಗೊರಗೊರ ಎಂದಿತು, ಹಾಳೆಯನ್ನು ಎಳೆದುಕೊಂಡು ಬಹಳ ಹೊತ್ತು ಯೋಚಿಸಿ, ಹಸಿರು ಬಣ್ಣದ ಮಗುವೊಂದನ್ನು ಹೆತ್ತಿತು. ಮ್ಯಾಜೆಂಟಾ ಬಾರದೆ ಬರೀ ಸಯಾನೂ ಹಳದಿಯೂ ಸೇರಿದರೆ ಹಸಿರಾಗುವುದು ವರ್ಣಶಾಸ್ತ್ರದ ನಿಯಮ. ಆದರೆ ಆ ಕ್ಷಣದಲ್ಲಿ ಅಜ್ಜಿಯಾದವಳಿಗೆ ಅದನ್ನು ವಿವರಿಸಲು ಹೋಗಬಾರದು ಎಂಬುದು ಕ್ಷೇತ್ರಕಾರ್ಯದ ಒಂದು ಉಪಲಬ್ಧಿ.

ಅನಂತರ ನಾಜಲ್ ಚೆಕ್ ಎಂಬ ವಿಧಿ. ಹಾಳೆಯ ಮೇಲೆ ನಾಲ್ಕು ಬಣ್ಣದಲ್ಲಿ ಸಣ್ಣ ಸಣ್ಣ ಗೆರೆಗಳು ಮೆಟ್ಟಿಲು ಮೆಟ್ಟಿಲಾಗಿ ಬೀಳುತ್ತವೆ. ಮೂರು ಬಣ್ಣದ ಮೆಟ್ಟಿಲು ಸರಿಯಿದ್ದವು. ಮ್ಯಾಜೆಂಟಾದಲ್ಲಿ ಹಲ್ಲು ಉದುರಿದಂತೆ ನಡುನಡುವೆ ಖಾಲಿ. ಕೂದಲೆಳೆಗಿಂತ ಕಿರಿದಾದ ರಂಧ್ರಗಳಲ್ಲಿ ಇಂಕು ಒಣಗಿ ಕೂತಿದೆ ಎಂದರ್ಥ. ಪರಿಹಾರವಾಗಿ ಹೆಡ್ ಕ್ಲೀನಿಂಗ್ ಹೇಳಿದೆ. ಅಂದರೆ ಒಣಗಿದ ಇಂಕನ್ನು ಹೊರಡಿಸಲು ಹಸಿ ಇಂಕನ್ನೇ ಹರಿಸುವುದು. ಹರಿದ ಇಂಕು ಯಂತ್ರದ ತಳದಲ್ಲಿ ಅಡಗಿರುವ ಒಂದು ಸ್ಪಂಜಿಗೆ ಸೇರುತ್ತದೆ. ಆ ಸ್ಪಂಜು ತುಂಬಿತೆಂದು ಯಂತ್ರದ ಲೆಕ್ಕಕ್ಕೆ ಬಂದ ದಿನ ಅದು ಮೌನವ್ರತ ಹಿಡಿಯುತ್ತದೆ. ಗಿರಾಕಿ ದುಡ್ಡು ಕೊಟ್ಟು ತಂದ ಇಂಕಿನ ಒಂದು ಪಾಲು ಕಾಗದದ ಮುಖವನ್ನೇ ನೋಡದೆ ಸ್ಪಂಜಿನಲ್ಲಿ ಲೀನವಾಗುವ ಈ ವಿದ್ಯಮಾನಕ್ಕೆ ಗೃಹವಾದಿಗಳು ‘ಮೇಂಟೆನೆನ್ಸ್’ ಎನ್ನುತ್ತಾರೆ. ಕೊನೆಗೆ ಮಗುವಿಗೆ ಮನುಷ್ಯವರ್ಣ ಬಂತು. ಪ್ರಿಂಟು ಸೊಗಸಾಗಿಯೇ ಇತ್ತು ಎಂಬುದನ್ನು ಪ್ರಾಮಾಣಿಕವಾಗಿ ದಾಖಲಿಸಬೇಕು. ಗುಣಮಟ್ಟದ ವಿಷಯದಲ್ಲಿ ಗೃಹವಾದಿಗಳನ್ನು ಗೇಲಿ ಮಾಡುವ ಕಾಲ ಎಂದೋ ಮುಗಿದಿದೆ.

ಇಂಕಿನ ಗೊಡವೆಯೇ ಬೇಡವೆಂದು ಕೆಲವರು ಡೈ ಸಬ್ಲಿಮೇಷನ್ ಎಂಬ ಉಪಪಂಥಕ್ಕೆ ಸೇರಿದ್ದಾರೆ. ಕ್ಯಾನನ್ ಸೆಲ್ಫಿ ಆ ಪಂಥದ ಪುಟ್ಟ ಪೆಟ್ಟಿಗೆ. ಹಾಳೆ ನಾಲ್ಕು ಸಲ ಒಳಹೊರಗೆ ಓಡಾಡುತ್ತದೆ. ಮೊದಲು ಹಳದಿ, ಆಮೇಲೆ ಮ್ಯಾಜೆಂಟಾ, ಆಮೇಲೆ ಸಯಾನ್, ಕೊನೆಗೊಂದು ರಕ್ಷಾಪದರ. ಕಾಗದವೂ ರಿಬ್ಬನ್ನೂ ಲೆಕ್ಕ ಹಾಕಿಯೇ ಒಟ್ಟಿಗೆ ಬರುವುದರಿಂದ ಎರಡೂ ಒಂದೇ ದಿನ ಮುಗಿಯುತ್ತವೆ. ಒಣಗುವ ಭಯವಿಲ್ಲ. ದೋಷ ಒಂದೇ: ಬಳಸಿ ಬಿಸಾಡಿದ ರಿಬ್ಬನ್ನನ್ನು ಬೆಳಕಿಗೆ ಹಿಡಿದರೆ ನೀವು ಪ್ರಿಂಟು ಹಾಕಿದ ಅಷ್ಟೂ ಮುಖಗಳು ಬಣ್ಣಕ್ಕೊಂದರಂತೆ ಅದರಲ್ಲಿ ಸಾಲಾಗಿ ಕಾಣುತ್ತವೆ. ಗುಟ್ಟಾಗಿ ಫೋಟೋ ಹಾಕಿಕೊಳ್ಳಬೇಕೆಂದೇ ಮನೆಯಲ್ಲಿ ಪ್ರಿಂಟರ್ ಇಟ್ಟವರು ಕಸದ ಬುಟ್ಟಿಯ ಕಡೆಗೂ ಗಮನ ಕೊಡುವುದೊಳ್ಳೆಯದು.

5. ಲ್ಯಾಬ್‌ವಾದ, ಅಥವಾ ಬೆಳ್ಳಿ ಎಲ್ಲಿ ಹೋಯಿತು?

ಲ್ಯಾಬ್‌ವಾದಿಗಳು ತಮ್ಮದು ಬೆಳ್ಳಿಯ ಪ್ರಿಂಟು ಎಂದು ಬೀಗುತ್ತಾರೆ. ಕಾಗದದ ಮೇಲೆ ಬೆಳ್ಳಿಯ ಲವಣಗಳ ಲೇಪವಿರುವುದು ನಿಜ. ಕೆಂಪು, ಹಸಿರು, ನೀಲಿ ಬೆಳಕು ಅದನ್ನು ತಾಕಿ, ಡೆವಲಪರಿನಲ್ಲಿ ಮಿಂದಾಗ ಬಣ್ಣ ಹುಟ್ಟುತ್ತದೆ. ಮುಂದಿನ ತೊಟ್ಟಿಯಾದ ಬ್ಲೀಚ್ ಫಿಕ್ಸಿನಲ್ಲಿ ಬೆಳ್ಳಿಯೆಲ್ಲ ತೊಳೆದುಹೋಗುತ್ತದೆ. ಗಿರಾಕಿಯ ಕೈಗೆ ಬರುವ ಬಣ್ಣದ ಪ್ರಿಂಟಿನಲ್ಲಿ ಉಳಿಯುವುದು ಬಣ್ಣ ಮಾತ್ರ. ತೊಟ್ಟಿಯ ನೀರಿನಿಂದ ಬೆಳ್ಳಿಯನ್ನು ವಾಪಸು ತೆಗೆಯುವ ವ್ಯವಸ್ಥೆ ದೊಡ್ಡ ಲ್ಯಾಬುಗಳಲ್ಲಿದೆ. ಸೀರೆ ನಮ್ಮದಾದರೂ ಜರಿ ಹಳೇ ಸೀರೆ ಕೊಳ್ಳುವವನದು ಎಂಬಂತಾಯಿತು ವ್ಯವಹಾರ.

ಲ್ಯಾಬಿಗೆ ಕೊಟ್ಟವರ ದೂರುಗಳಲ್ಲಿ ಮುಖ್ಯವಾದದ್ದು ಶಿರಚ್ಛೇದ. ಫೋನುಗಳು ಸಾಮಾನ್ಯವಾಗಿ 4:3ರ ಅಳತೆಯಲ್ಲಿ ಚಿತ್ರ ತೆಗೆಯುತ್ತವೆ. ನಾಲ್ಕು ಇಂಚು ಆರು ಇಂಚಿನ ಕಾಗದದ ಅಳತೆ 3:2. ಹಾಳೆ ತುಂಬ ಚಿತ್ರ ಬರಬೇಕೆಂದರೆ ಒಂಬತ್ತರಲ್ಲಿ ಒಂದು ಪಾಲು ಕತ್ತರಿಗೆ ಸಿಗಲೇಬೇಕು. ಗ್ರೂಪ್ ಫೋಟೋದಲ್ಲಿ ಆ ಒಂದು ಪಾಲು ಹಿಂದಿನ ಸಾಲಿನ ಎತ್ತರದ ಚಿಕ್ಕಪ್ಪನದಾಗಿರುತ್ತದೆ. ಇದು ಗಣಿತ, ಇದರಲ್ಲಿ ಲ್ಯಾಬಿನವರಿಗೆ ಚಿಕ್ಕಪ್ಪನ ಮೇಲೆ ದ್ವೇಷವೇನೂ ಇಲ್ಲ. “ಫೋನಲ್ಲಿ ಚೆನ್ನಾಗಿತ್ತು, ಇವ್ರು ಕಪ್ಪು ಮಾಡಿಬಿಟ್ರು” ಎಂಬುದು ಎರಡನೆಯ ದೂರು. ಫೋನು ತಾನೇ ಬೆಳಗುತ್ತದೆ, ಕಾಗದ ಕೋಣೆಯ ಬೆಳಕನ್ನು ನಂಬಿಕೊಂಡಿದೆ. ಟ್ಯೂಬ್‌ಲೈಟ್ ಕೆಟ್ಟಿರುವ ಹಾಲಿನಲ್ಲಿ ಕೂತು ಲ್ಯಾಬನ್ನು ಬೈಯುವುದು ನ್ಯಾಯವಲ್ಲ.

ಇದಕ್ಕೆ ವಿರುದ್ಧವಾಗಿ, ಗಿರಾಕಿ ಕೇಳದೆಯೇ ಮುಖ ಬೆಳ್ಳಗೆ ಮಾಡಿಕೊಡುವ ಸೇವೆಯೂ ಇದೆ. ಸ್ಟುಡಿಯೋದ ಹುಡುಗ ನಮ್ಮ ಕಣ್ಣೆದುರೇ ಒಬ್ಬ ವರಮಹಾಶಯರ ಕೆನ್ನೆಯ ಮಚ್ಚೆಯನ್ನು ಮೌಸಿನ ಒಂದೇ ಒತ್ತಿಗೆ ನಿವಾರಿಸಿದ. ಅದು ಅವರ ಆಧಾರ್ ಕಾರ್ಡಿನಲ್ಲಿ ಈಗಲೂ ಇದೆ.

6. ಪರದೆಯ ಹಿಂದೆ

ಇಲ್ಲಿಗೆ ಪ್ರಬಂಧದ ವಿಭಾಗಕ್ರಮ ಅಲುಗಾಡಿತು. ಸ್ಟುಡಿಯೋದ ನೀಲಿ ಪರದೆಯ ಹಿಂದೆ ಲ್ಯಾಬಿರಬಹುದೆಂದು ಇಣುಕಿದರೆ, ಅಲ್ಲಿದ್ದದ್ದು ಭಾವನ ಮನೆಯಲ್ಲಿರುವಂಥದೇ ಒಂದು ಇಂಕ್ ಟ್ಯಾಂಕ್ ಪ್ರಿಂಟರ್. ಪಾಸ್‌ಪೋರ್ಟ್ ಸೈಜು, ಸ್ಟ್ಯಾಂಪ್ ಸೈಜೆಲ್ಲ ಅದರಲ್ಲೇ. ಮದುವೆ ಆಲ್ಬಂ, ಗೋಡೆಗೆ ಹಾಕುವ ದೊಡ್ಡ ಸೈಜು ಮಾತ್ರ ಸಿಟಿಯ ಲ್ಯಾಬಿಗೆ ಹೋಗಿ ಬಸ್ಸಿನಲ್ಲಿ ಬರುತ್ತದೆ. ಬಾಗಿಲಿಗೆ ‘ಕಲರ್ ಲ್ಯಾಬ್’ ಎಂದು ಬೋರ್ಡು ಹಾಕಿಕೊಂಡ ಮನುಷ್ಯ ಒಳಗೆ ಗೃಹವಾದಿ!

“ನಿಮ್ಮದು ಕಟ್ಟಿಕೊಳ್ಳೋದಿಲ್ವಾ?” ಎಂದು ಕೇಳಲಾಯಿತು.

“ಕಟ್ಟಿಕೊಳ್ಳೋಕೆ ಪುರುಸೊತ್ತೆಲ್ಲಿ ಸಾರ್? ಬೆಳಗಿಂದ ಸಂಜೆತನಕ ಸ್ಕೂಲ್ ಅಡ್ಮಿಷನ್, ಸಾಲದ ಅರ್ಜಿ, ಪೆನ್ಷನ್ನು, ಒಂದಲ್ಲ ಒಂದು. ಅದಕ್ಕೆ ನಿಲ್ಲೋಕೇ ಬಿಡಲ್ಲ.” ಆಮೇಲೆ ದನಿ ತಗ್ಗಿಸಿ, “ಲ್ಯಾಬಿನ ಕತೇನೂ ಅಷ್ಟೇ. ಆಷಾಢದಲ್ಲಿ ಕೆಲಸ ಇಲ್ದೆ ಕೆಮಿಕಲ್ ಹಂಗೇ ನಿಂತ್ರೆ ಹಾಳಾಗತ್ತೆ. ಮದ್ವೆ ಸೀಸನ್ನಲ್ಲಿ ಬಂದ ಪ್ರಿಂಟು ನೋಡಿ, ಎಷ್ಟು ಫ್ರೆಶ್ಶಾಗಿರತ್ತೆ” ಎಂದರು.

ಅವರು ಹೇಳಿದ್ದು ಸರಿ. ಡೆವಲಪರ್ ಗಾಳಿಯ ಆಮ್ಲಜನಕಕ್ಕೆ ಸಿಕ್ಕಿ ಹಾಳಾಗುತ್ತದೆ. ಸತತವಾಗಿ ಕಾಗದ ಓಡುತ್ತ, ಹೊಸ ರಾಸಾಯನಿಕ ಸೇರುತ್ತ ಇದ್ದರಷ್ಟೇ ಅದರ ಗುಣ ನಿಲ್ಲುತ್ತದೆ. ಅಂದಮೇಲೆ ಎರಡೂ ದರ್ಶನಗಳಿಗೆ ಇರುವುದು ಒಂದೇ ಕಾಯಿಲೆ, ಕೆಲಸವಿಲ್ಲದಿರುವುದು. ಯಂತ್ರ ಯಾವುದು ಮೇಲು ಎಂದು ಜಗಳಾಡುವ ಬದಲು, ತಾನು ವಾರಕ್ಕೆಷ್ಟು ಫೋಟೋ ಹಾಕುತ್ತೇನೆ ಎಂದು ಕೇಳಿಕೊಂಡರೆ ಉತ್ತರ ತಾನೇ ಬರುತ್ತದೆ. ವಾರವಾರವೂ ಹಾಕುವವನು ಮನೆಗೆ ಪ್ರಿಂಟರ್ ತರಲಿ. ಹಬ್ಬಕ್ಕೊಮ್ಮೆ ಹಾಕುವವನು ಊರಿನವರೆಲ್ಲ ಸೇರಿ ಓಡಿಸುತ್ತಿರುವ ಲ್ಯಾಬಿಗೆ ಕೊಡಲಿ. ಈ ಸಿದ್ಧಾಂತ ಇಷ್ಟು ಚಿಕ್ಕದಾದ್ದರಿಂದ ಡಾಕ್ಟರೇಟಿಗೆ ಸಾಲದೆಂಬ ಆತಂಕವಿದೆ.

7. ಅನುಬಂಧ: ಬಾಳಿಕೆಯ ಪ್ರಯೋಗ

ಸಿದ್ಧಾಂತವನ್ನು ಕೇಳಿದ ಭಾವ ಅದನ್ನು ಅಕ್ಷರಶಃ ಪಾಲಿಸತೊಡಗಿದರು. ಇಂಕು ಒಣಗದಿರಲೆಂದು ಪ್ರತಿ ಶನಿವಾರ ಒಂದು ಬಣ್ಣದ ಫೋಟೋ. ಯಾವ ಫೋಟೋ? ಎಲ್ಲ ಬಣ್ಣಗಳೂ ಸಮೃದ್ಧವಾಗಿರಬೇಕೆಂದು ಯೋಚಿಸಿ ಮನೆದೇವರು ವೆಂಕಟರಮಣಸ್ವಾಮಿಯನ್ನು ಆರಿಸಿದರು. ಶನಿವಾರಕ್ಕೂ ಹೊಂದಿತು. ದೇವರ ಫೋಟೋವನ್ನು ಕಸಕ್ಕೆ ಹಾಕುವಂತಿಲ್ಲ ಎಂಬುದು ಹೊಳೆಯುವ ಹೊತ್ತಿಗೆ ದೇವರಮನೆಯ ಗೂಡು ತುಂಬಿ, ಅಕ್ಕನ ಸಾರಿನಪುಡಿ ಡಬ್ಬಗಳ ಹಿಂದೆಯೂ ಸ್ವಾಮಿ ನೆಲೆಸಿದ್ದ. ಕೊನೆಗೆ ಅಕ್ಕ ಕಟ್ಟು ಕಟ್ಟಿ, ಊರಿನವರೆಲ್ಲ ಹಳೇ ದೇವರ ಪಟಗಳನ್ನು ಇಟ್ಟುಬರುವ ಅಶ್ವತ್ಥಕಟ್ಟೆಗೆ ಭಾವನನ್ನು ಅಟ್ಟಿದಳು.

ಮರುದಿನ ಮಳೆ. ವಿಜ್ಞಾನಕ್ಕೆ ಇದರಿಂದ ಮಹದುಪಕಾರವಾಯಿತು. ಕಟ್ಟೆಯ ಮೇಲೆ ಯಾರೋ ಇಟ್ಟಿದ್ದ ಲ್ಯಾಬ್ ಪ್ರಿಂಟಿನ ರಾಘವೇಂದ್ರಸ್ವಾಮಿಗಳು ನೆನೆದು ಅಂಚು ಸುರುಳಿಯಾಗಿದ್ದರೂ ಬಣ್ಣ ಬಿಟ್ಟಿರಲಿಲ್ಲ. ಪಕ್ಕದಲ್ಲಿ, 1980ರ ದಶಕದ್ದಿರಬಹುದಾದ ಒಂದು ಪಟದಲ್ಲಿ ಸಯಾನ್ ಎಂದೋ ಮಾಸಿ, ಲಕ್ಷ್ಮಿ ಕಮಲಸಮೇತ ಕೆಂಪಗಾಗಿದ್ದಳು. ಭಾವನ ಪ್ರಿಂಟರಿನಲ್ಲಿರುವುದು ನೀರಿನಲ್ಲಿ ಕರಗುವ ಡೈ ಇಂಕು. ನೀಲಮೇಘಶ್ಯಾಮನಾದ ಸ್ವಾಮಿಯ ನೀಲಿ ಪೀತಾಂಬರಕ್ಕೆ ಇಳಿದು, ಅಲ್ಲಿಂದ ಕಟ್ಟೆಯ ಕಲ್ಲಿಗೂ ಹರಿದಿತ್ತು. ಪಿಗ್ಮೆಂಟ್ ಇಂಕಾಗಿದ್ದರೆ ತಡೆಯುತ್ತಿತ್ತು ಎಂದು ಪ್ರಸ್ತುತ ಸಂಶೋಧಕ ಟಿಪ್ಪಣಿ ಮಾಡಿಕೊಳ್ಳುತ್ತಿರುವಾಗಲೇ, ಬಸ್‌ಸ್ಟ್ಯಾಂಡಿನ ಸ್ಟುಡಿಯೋದವರು ಪ್ರದಕ್ಷಿಣೆ ಮುಗಿಸಿ ಬಂದರು. ಉಳಿದವುಗಳಲ್ಲಿ ಒಣಗಿದ್ದೊಂದನ್ನು ಎತ್ತಿಕೊಂಡು, ಕಣ್ಣು ಕಿರಿದು ಮಾಡಿ, ಬೆಳಕಿಗೆ ಹಿಡಿದರು.

“ಯಾರೋ ಮನೇಲಿ ಹಾಕಿದ್ದು ಸಾರ್. ಮ್ಯಾಜೆಂಟಾ ಒಂದೆರಡು ಪಾಯಿಂಟ್ ಜಾಸ್ತಿಯಾಗಿದೆ.”